ಬೈಂಡಪ್ಪನ ಅಷ್ಟೋತ್ತರ

ಬೈಂಡಪ್ಪ ಅನ್ನುವುದು ಯಾರೋ ಒಬ್ಬನ ಹೆಸರಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮಹಡಿಗೊಬ್ಬ ಸಿಗುತ್ತಾನೆ, ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಸಾಲಿಗಿಬ್ಬರು. ಹಗಲೆಲ್ಲ ಕೆಲಸ, ರಾತ್ರಿ ಹತ್ತರ ಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಹಾಗಂತ ಅವನು ಆಟ ಆಡುತ್ತಾನೆ ಅಂದುಕೊಂಡರೆ ಕೆಟ್ಟಿರಿ. ಅವನು ಕೀ ಬೈಂಡ್ ಮಾಡುತ್ತಾನೆ. ಯಾವ ಮಂತ್ರ ಯಾವ ಗುಂಡಿಗೆ, ಯಾವ ಗುಂಡಿ ಯಾವ ಬೆರಳಿಗೆ ಎಂದು ಪಾಲು ಹಂಚುತ್ತಾನೆ. ಪಾಲು ಪಂಚಾಯಿತಿ ಮುಗಿಯುವಷ್ಟರಲ್ಲಿ ರಾತ್ರಿ ಒಂದೂವರೆ. "ನಾಳೆಯಿಂದ ಸೀರಿಯಸ್ಸಾಗಿ ಆಡೋಣ ಮಗಾ" ಅಂತ ಗೆಳೆಯರಿಗೆ ಹೇಳಿ ಮಲಗುತ್ತಾನೆ. ಆ ನಾಳೆಗೆ ಈಗ ಕೆಲವು ವರ್ಷ ವಯಸ್ಸು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2004ರ ನವೆಂಬರ್‌ನಲ್ಲಿ ಬ್ಲಿಝರ್ಡ್ ಕಂಪನಿ ಬಿಟ್ಟ ಈ ಆಟದಲ್ಲಿ ಒಂದು ಪಾತ್ರ ಕಟ್ಟಿಕೊಂಡು ಕಾಡುಮೇಡು ಅಲೆಯಬಹುದು, ರಾಕ್ಷಸರನ್ನು ಕೊಲ್ಲಬಹುದು, ಕೆರೆ ದಂಡೆಯಲ್ಲಿ ಕೂತು ಮೀನು ಹಿಡಿಯಬಹುದು. 2007ರಲ್ಲಿ ಇದಕ್ಕೆ ಅರೀನಾ ಸೇರಿತು: ಇಬ್ಬರ ಮೇಲೆ ಇಬ್ಬರು, ಮೂವರ ಮೇಲೆ ಮೂವರು, ಎಲ್ಲರೂ ನಿಜವಾದ ಮನುಷ್ಯರು. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. 1800 ದಾಟಿದವನಿಗೆ ರೈವಲ್ ಎಂಬ ಬಿರುದು. ನಮ್ಮ ಬೈಂಡಪ್ಪ 1400ರ ಆಸುಪಾಸಿನಲ್ಲಿ ಬಹಳ ಕಾಲದಿಂದ ಮನೆ ಮಾಡಿಕೊಂಡಿದ್ದಾನೆ. ಅವನ ಪಾತ್ರ ಮೇಜ್, ಅಂದರೆ ಮಂತ್ರವಾದಿ. ಹಿಮದ ಬಾಣ ಬಿಡುತ್ತಾನೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ 20 ಗಜ ಮುಂದಕ್ಕೆ ಹಾರುತ್ತಾನೆ, ಪ್ರಾಣಕ್ಕೆ ಬಂದಾಗ ಮಂಜುಗಡ್ಡೆಯಾಗಿ ಹೆಪ್ಪುಗಟ್ಟುತ್ತಾನೆ. ಎಲ್ಲಕ್ಕಿಂತ ಮಜವಾದದ್ದು ಪಾಲಿಮಾರ್ಫ್. ಎದುರಾಳಿಯನ್ನು ಕುರಿ ಮಾಡುವ ಮಂತ್ರ. ನಿಜವಾದ ಕುರಿ, ಕೆಲವು ಸೆಕೆಂಡು ಅದು ಸುಮ್ಮನೆ ಅಡ್ಡಾಡಿಕೊಂಡಿರುತ್ತದೆ.

ಇಷ್ಟೆಲ್ಲ ವಿದ್ಯೆಗೆ ಆಟ ತಾನಾಗಿ ಕೊಡುವ ಏರ್ಪಾಡು ಬಡವಾದದ್ದು. ಡಬ್ಲ್ಯೂ ಒತ್ತಿದರೆ ಮುಂದೆ, ಎಸ್ ಒತ್ತಿದರೆ ಹಿಂದೆ, ಎ ಮತ್ತು ಡಿ ಒತ್ತಿದರೆ ನಿಂತಲ್ಲೇ ಎಡಕ್ಕೆ ಬಲಕ್ಕೆ ತಿರುಗುವುದು. ಮೇಲಿನ ಅಂಕಿಗಳ ಸಾಲಿನಲ್ಲಿ 12 ಮಂತ್ರ. ಹೊಸಬರು ಇದರಲ್ಲೇ ಸಂಸಾರ ಮಾಡುತ್ತಾರೆ, ಇಲ್ಲವೇ ಪರದೆಯ ಮೇಲಿನ ಚಿತ್ರಗಳನ್ನು ಮೌಸಿನಲ್ಲಿ ಒಂದೊಂದಾಗಿ ಒತ್ತುತ್ತಾರೆ. ಇಂಥವರಿಗೆ ಕ್ಲಿಕ್ಕರ್ ಅಂತ ಹೆಸರು. ಬೈಂಡಪ್ಪನ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಹೊರಟದ್ದನ್ನು ಯಾರೂ ಕೇಳಿಲ್ಲ.

ಅವನ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಕೀಲಿ ಒತ್ತಿ ತಿರುಗಿದರೆ ಪಾತ್ರ ಒಂದೇ ಹದದಲ್ಲಿ ನಿಧಾನಕ್ಕೆ ಸುತ್ತುತ್ತದೆ. ಮೌಸಿನ ಬಲಗುಂಡಿ ಹಿಡಿದು ಮಣಿಕಟ್ಟು ಎಳೆದರೆ ತಕ್ಷಣ ಹಿಂದೆ ತಿರುಗುತ್ತದೆ. ಆದ್ದರಿಂದ ಎ ಮತ್ತು ಡಿ ಗುಂಡಿಗಳಿಂದ ತಿರುಗುವ ಕೆಲಸ ಕಿತ್ತುಕೊಂಡು ಪಕ್ಕಕ್ಕೆ ಸರಿಯುವ ಕೆಲಸ ಕೊಡಬೇಕು. ಆಗ ಮೊದಲು ಆ ಕೆಲಸ ಮಾಡುತ್ತಿದ್ದ ಕ್ಯೂ ಮತ್ತು ಇ ಖಾಲಿಯಾಗುತ್ತವೆ. ಬೆರಳಿಗೆ ಅತ್ಯಂತ ಹತ್ತಿರದ ಆ ಎರಡು ಸೈಟು ಬಿಟ್ಟಿ ಸಿಕ್ಕಂತೆ. ಎಸ್ ಅನ್ನಂತೂ ಮುಟ್ಟಲೇಬಾರದು, ಯಾಕೆಂದರೆ ಹಿಮ್ಮುಖ ನಡಿಗೆಯ ವೇಗ ಓಟದ ಮೂರರಲ್ಲಿ ಎರಡು ಭಾಗದಷ್ಟೂ ಇಲ್ಲ. ಗುರಿ ದೂರವಾದಷ್ಟೂ ಸಣ್ಣದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾನೆ. ಪರದೆಯ ಮೂಲೆಯ ಬೆರಳುಗುರಿನಷ್ಟು ಚಿತ್ರದವರೆಗೆ ಬಾಣದ ಗುರುತನ್ನು ಎಳೆದೊಯ್ಯುವವನಿಗೂ ಕಿರುಬೆರಳು ಬಗ್ಗಿಸುವವನಿಗೂ ಇರುವ ಅಂತರ ಅದೇ. ಬೈಂಡಪ್ಪ ಫಿಟ್ಸ್‌ನನ್ನು ಅಣ್ಣನೆಂಬ ಸಲಿಗೆಯಲ್ಲಿ ಉಲ್ಲೇಖಿಸುತ್ತಾನೆ.

ಇನ್ನೂ ಅನುಮಾನ ಉಳಿದವರಿಗೆ ಫೆರಾರಿಯ ಕಥೆ ಇದೆ. 1997ರಲ್ಲಿ ಅಮೆರಿಕದಲ್ಲಿ ನಡೆದ ಕ್ವೇಕ್ ಪಂದ್ಯಾವಳಿಯನ್ನು ಥ್ರೆಶ್ ಎಂದೇ ಹೆಸರಾದ ಡೆನಿಸ್ ಫಾಂಗ್ ಗೆದ್ದ. ಆಟ ಬರೆದ ಜಾನ್ ಕಾರ್ಮ್ಯಾಕ್ ಬಹುಮಾನವಾಗಿ ತನ್ನ ಸ್ವಂತ ಫೆರಾರಿ 328 ಕಾರನ್ನೇ ಕೊಟ್ಟುಬಿಟ್ಟ. ಎಡಗೈ ಡಬ್ಲ್ಯೂ-ಎ-ಎಸ್-ಡಿ ಮೇಲೆ, ಬಲಗೈ ಮೌಸಿನ ಮೇಲೆ ಎಂಬ ಕ್ರಮ ಜನಪ್ರಿಯವಾದದ್ದರಲ್ಲಿ ಇವನ ಪಾಲು ದೊಡ್ಡದು. "ನೋಡಿ, ಕೀ ಸರಿಯಾಗಿ ಇಟ್ಕೊಂಡಿದ್ದಕ್ಕೆ ಫೆರಾರಿ" ಎಂದು ಬೈಂಡಪ್ಪ ಮನೆಯಲ್ಲಿ ಹೇಳಿದರೆ ಅವನ ಅಮ್ಮ "ಮೊದಲು ಸ್ಕೂಟರಿನ ಇನ್ಶೂರೆನ್ಸ್ ಕಟ್ಟು" ಎನ್ನುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಎಡಗೈ ಅಲುಗಿಸದೆ ಬೆರಳು ಚಾಚಿದರೆ ಸಿಗುವ ಗುಂಡಿಗಳು: 1ರಿಂದ 5, ಕ್ಯೂ, ಇ, ಆರ್, ಟಿ, ಎಫ್, ಜಿ, ಜೆಡ್, ಎಕ್ಸ್, ಸಿ, ವಿ. ಒಟ್ಟು 15. ಒಂದೊಂದನ್ನೂ ಬರಿದೇ ಒತ್ತಬಹುದು, ಶಿಫ್ಟ್ ಹಿಡಿದು ಒತ್ತಬಹುದು, ಕಂಟ್ರೋಲ್ ಹಿಡಿದು, ಆಲ್ಟ್ ಹಿಡಿದು. ಹದಿನೈದು ನಾಲ್ಕಲಿ 60. ಬಲಗೈಯಲ್ಲಿ ರೇಜರ್ ಕಂಪನಿಯ ನಾಗಾ, 2009ರಲ್ಲಿ ಬಂದ ಮಾದರಿಯ ಮೌಸ್. ಹೆಬ್ಬೆರಳಿನ ಪಕ್ಕದಲ್ಲೇ 12 ಗುಂಡಿ. ಹನ್ನೆರಡು ನಾಲ್ಕಲಿ 48. ಎರಡೂ ಕೂಡಿಸಿದರೆ 108. ಬೈಂಡಪ್ಪನಿಗೆ ಈ ಮೊತ್ತ ಬಂದ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟೋತ್ತರ ತಾನಾಗಿ ಒದಗಿಬಂದಿದೆ, ಇನ್ನು ಒಂದು ನಾಮವನ್ನೂ ಖಾಲಿ ಬಿಡುವಂತಿಲ್ಲ. ಆಯುಧಪೂಜೆಯ ದಿನ ಅವನ ಮನೆಯಲ್ಲಿ ಸ್ಕೂಟರಿಗೆ ಒಂದು ಬೊಟ್ಟು, ಈ ಮೌಸಿಗೆ ಹನ್ನೆರಡು.

ಒಬ್ಬ ಮಂತ್ರವಾದಿಗೆ ಅಷ್ಟು ಮಂತ್ರ ಎಲ್ಲಿಂದ ಬರಬೇಕು? ಅದಕ್ಕೂ ದಾರಿ ಇದೆ. ಆಟದೊಳಗೆ ಮ್ಯಾಕ್ರೋ ಬರೆಯಬಹುದು, ಒಂದಕ್ಕೆ 255 ಅಕ್ಷರದ ಮಿತಿ. ಕುರಿ ಮಾಡುವ ಮಂತ್ರವನ್ನು ಎದುರಿಗಿರುವವನಿಗೆ ಒಂದು ಗುಂಡಿ, ಮೊದಲೇ ಗುರುತು ಹಾಕಿಟ್ಟವನಿಗೆ ಇನ್ನೊಂದು, ಅರೀನಾದ ಒಂದನೇ, ಎರಡನೇ, ಮೂರನೇ ಶತ್ರುವಿಗೆ ಮತ್ತೆ ಮೂರು. ಒಂದೇ ಕುರಿಗೆ ಐದು ಕೊಟ್ಟಿಗೆ. ಮಂತ್ರ ತಡೆಯುವ ಕೌಂಟರ್‌ಸ್ಪೆಲ್‌ಗೂ ಹೀಗೇ ಐದು. ಕೊನೆಗೂ ಉಳಿದ ಗುಂಡಿಗಳಿಗೆ ಮೀನು ಹಿಡಿಯುವುದನ್ನೂ ಕುಣಿಯುವುದನ್ನೂ ಹಾಕಿ ನಾಮಾವಳಿ ಮುಗಿಸಿದ್ದಾನೆ.

ಒಂದು ಒಳ್ಳೆಯ ಮಾತು ಇಲ್ಲಿ ಹೇಳಲೇಬೇಕು. ಬೈಂಡಪ್ಪ ಕಳ್ಳನಲ್ಲ. ಒಮ್ಮೆ ಒತ್ತಿದರೆ ಒಂದೇ ಕೆಲಸ ಎಂಬ ನಿಯಮವನ್ನು ಪಾಲಿಸುತ್ತಾನೆ. ಎರಡು ದಿಕ್ಕಿನ ಗುಂಡಿಗಳ ಜಗಳವನ್ನು ಕೀಬೋರ್ಡೇ ಬಗೆಹರಿಸುವ ಸ್ನ್ಯಾಪ್ ಟ್ಯಾಪ್ ಎಂಬ ಸೌಕರ್ಯ 2024ರಲ್ಲಿ ಬಂದು, ವಾಲ್ವ್ ಕಂಪನಿ ಅದೇ ಆಗಸ್ಟ್‌ನಲ್ಲಿ ಕೌಂಟರ್-ಸ್ಟ್ರೈಕ್ 2ರ ಸರ್ವರ್‌ಗಳಿಂದ ಅದನ್ನು ಬಳಸುವವರನ್ನು ಹೊರಗಟ್ಟತೊಡಗಿದಾಗ, ಅದು ತಾನು ಆಡುವ ಆಟವೇ ಅಲ್ಲದಿದ್ದರೂ ಅವನು ಚಪ್ಪಾಳೆ ತಟ್ಟಿದ.

ಸಾಮಾನು ಕೊಳ್ಳಲು ಎಸ್.ಪಿ. ರಸ್ತೆ. ಅಂಗಡಿಯ ಗಾಜಿನ ಮೇಜಿನ ಮೇಲೆ ಮೂರು ಕೀಬೋರ್ಡ್ ಹರಡಿಸಿಕೊಂಡು ಕಿವಿ ಬಗ್ಗಿಸಿ ಒತ್ತುತ್ತಾನೆ. ನೀಲಿ ಸ್ವಿಚ್ಚು ಟಿಕ್ ಎನ್ನುತ್ತದೆ, ಕಂದು ಬೆರಳಿಗೆ ಮಾತ್ರ ತಿಳಿಯುವಂತೆ ಚೂರು ತಡೆಯುತ್ತದೆ, ಕೆಂಪು ಬೆಣ್ಣೆಯಂತೆ ಇಳಿಯುತ್ತದೆ. ಕೆಂಪಿನ ಒಟ್ಟು ಓಟ 4 ಮಿಲಿಮೀಟರ್, 2 ಮಿಲಿಮೀಟರಿಗೇ ಸಂದೇಶ ಹೋಗಿರುತ್ತದೆ. ಉಳಿದರ್ಧ ಬರೀ ಶಾಸ್ತ್ರಕ್ಕೆ. "ಅಣ್ಣ, ಎನ್-ಕೀ ರೋಲೋವರ್ ಇದ್ಯಾ?" ಎಂದು ಕೇಳುತ್ತಾನೆ. ಎಷ್ಟು ಗುಂಡಿ ಒಟ್ಟಿಗೆ ಒತ್ತಿದರೂ ಎಲ್ಲವೂ ದಾಖಲಾಗುತ್ತವೆಯೇ ಎಂಬುದು ಪ್ರಶ್ನೆ. ಅಗ್ಗದ ಕೀಬೋರ್ಡುಗಳಲ್ಲಿ ಮೂರನೆಯದೋ ನಾಲ್ಕನೆಯದೋ ಕಳೆದುಹೋಗುವುದುಂಟು. ಅಂಗಡಿಯವರು ತಲೆಯೆತ್ತದೆ, "ಎಲ್ಲಾ ಕೀನೂ ವರ್ಕ್ ಆಗುತ್ತೆ ಸಾರ್, ಒಂದು ವರ್ಷ ವಾರಂಟಿ" ಅಂದರು. ಬೈಂಡಪ್ಪ ಕೆಂಪನ್ನೇ ತಂದ.

ಮನೆಯಲ್ಲಿ ಈ ಸುಧಾರಣೆಯ ಬಿಸಿ ಮೊದಲು ತಟ್ಟಿದ್ದು ಅಪ್ಪನಿಗೆ. ನಿವೃತ್ತರು, ಪತ್ರಿಕೆಗೆ ಓದುಗರ ಪತ್ರ ಬರೆಯುವವರು. ಅವರದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಇಂಗ್ಲಿಷಿನ 26 ಗುಂಡಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಜಾಣತನ ಅದು: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅಲ್ಪಪ್ರಾಣ ಬರಿದೇ, ಮಹಾಪ್ರಾಣಕ್ಕೆ ಶಿಫ್ಟ್. ನಿಜ ಹೇಳಬೇಕೆಂದರೆ ಬೈಂಡಪ್ಪ ಹಿಂಬಾಲಿಸುವ ಸೂತ್ರವೂ ಇದೇ. ಆರ್ ಒತ್ತಿದರೆ ಎದುರಿನವನು ಕುರಿ, ಶಿಫ್ಟ್ ಹಿಡಿದರೆ ಗುರುತು ಹಾಕಿದವನು ಕುರಿ. ಒಂದೇ ಮನೆಯ ಅಕ್ಷರಗಳು ಒಂದೇ ಗುಂಡಿಯಲ್ಲಿದ್ದರೆ ನೆನಪಿಡುವ ಕಷ್ಟ ಅರ್ಧ ತಗ್ಗುತ್ತದೆ. ಆದರೆ ಕಿರುಬೆರಳು ಕೆಳಗೆ ಬಗ್ಗಬೇಕಲ್ಲ ಎಂಬ ಚಿಂತೆಯಲ್ಲಿ ಅವನು ಒಂದು ರಾತ್ರಿ ಎಡಗಡೆಯ ಶಿಫ್ಟ್ ಮತ್ತು ಕ್ಯಾಪ್ಸ್ ಲಾಕ್ ಎರಡನ್ನೂ ಅದಲುಬದಲು ಮಾಡಿ ಮಲಗಿದ.

ಬೆಳಗ್ಗೆ ಅಪ್ಪ ಕಸದ ಗಾಡಿಯ ಬಗ್ಗೆ ಪತ್ರ ಬರೆಯಲು ಕೂತರು. ಮೊದಲ ಮಹಾಪ್ರಾಣಕ್ಕೆ ಶಿಫ್ಟ್ ಮುಟ್ಟಿದ್ದೇ ತಡ, ಕ್ಯಾಪ್ಸ್ ಲಾಕ್ ಬಿದ್ದು ಮುಂದಿನದೆಲ್ಲ ಮಹಾಪ್ರಾಣವಾಗಿ ಹೋಯಿತು. ಪರದೆಯ ಮೇಲೆ "ಖಶಧ ಘಾಢೀ" ಮೂಡಿತು. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬರೆದರು. ಮತ್ತೂ ಖಶಧ ಘಾಢೀ.

"ಏನೋ ಇದು?"

"ಅಪ್ಪಾ, ಆ ಕೀಬೋರ್ಡ್ ಮುಟ್ಟಬೇಡಿ ಅಂದಿದ್ದೆ ತಾನೇ."

"ನಿನ್ನ ಯುದ್ಧದಲ್ಲಿ ನನ್ನ ಅಲ್ಪಪ್ರಾಣ ಹೋಯ್ತಲ್ಲೋ!"

ಯುದ್ಧ ಹೇಗೆ ನಡೆಯುತ್ತದೆ ಎನ್ನುವುದನ್ನೂ ನೋಡಬೇಕು. ಮೂವರ ಪಂದ್ಯ. ಬೈಂಡಪ್ಪನ ಜೊತೆ ರಾಜಾಜಿನಗರದಿಂದ ಒಬ್ಬ, ಮ್ಯೂನಿಕ್‌ನಿಂದ ಒಬ್ಬ. ಎದುರು ಪಕ್ಷದಲ್ಲಿ ಗಾಯ ವಾಸಿ ಮಾಡುವವನು ದೊಡ್ಡ ಮಂತ್ರ ಶುರು ಮಾಡಿದ್ದಾನೆ, ಅವನ ತಲೆಯ ಮೇಲಿನ ಪಟ್ಟಿ ತುಂಬುತ್ತಿದೆ. ಇದನ್ನು ತಡೆದರೆ ಪಂದ್ಯ ನಮ್ಮದು. ಬೈಂಡಪ್ಪನ ಬೆರಳು ಇ ಗುಂಡಿಗೆ ಹೋಯಿತು. ತಿಂಗಳುಗಟ್ಟಲೆ ಕೌಂಟರ್‌ಸ್ಪೆಲ್ ಇದ್ದ ಜಾಗ. ಆದರೆ ಹಿಂದಿನ ರಾತ್ರಿ ತಾನೇ ಅದನ್ನು ಹೆಬ್ಬೆರಳಿಗೆ ಒಕ್ಕಲೆಬ್ಬಿಸಿ, ಇ ಮೇಲೆ 20 ಗಜ ಹಾರುವ ಮಂತ್ರ ಕೂರಿಸಿದ್ದ. ಹಾರಿದ. ಎರಡು ಕೈಗೂ ಕತ್ತಿ ಹಿಡಿದು ನಿಂತ ಯೋಧನ ತೆಕ್ಕೆಗೇ ಹೋಗಿ ಬಿದ್ದ. ಮಂಜುಗಡ್ಡೆಯಾಗಿ ಬದುಕೋಣವೆಂದು ಎಫ್ ಒತ್ತಿದ. ಮಂಜುಗಡ್ಡೆ ಇದ್ದದ್ದು ಶಿಫ್ಟ್ ಹಿಡಿದ ಎಫ್‌ನಲ್ಲಿ. ಬರೀ ಎಫ್‌ನಲ್ಲಿ ಇದ್ದದ್ದು ಎತ್ತರದಿಂದ ಬಿದ್ದರೆ ಗರಿಯಂತೆ ನಿಧಾನವಾಗಿ ಇಳಿಸುವ ಮಂತ್ರ. ಸಮತಟ್ಟು ನೆಲದ ಮೇಲೆ, ನಿಧಾನವಾಗಿ ಬೀಳಲು ಸಕಲ ಸಿದ್ಧತೆ ಮಾಡಿಕೊಂಡು ಬೈಂಡಪ್ಪ ಬೇಗನೆ ಸತ್ತ.

"ಎತ್ಲಾಗ್ ಹಾರ್ದೆ ಗುರು?"

"ಬೈಂಡ್ ಚೇಂಜ್ ಮಾಡಿದ್ದೆ ಮಗಾ. ಇದೇ ಕರೆಕ್ಟು. ಅಭ್ಯಾಸ ಆಗ್ಬೇಕಷ್ಟೆ."

ಅಭ್ಯಾಸ ಆಗಲು ಅವನು ಬಿಡಬೇಕಲ್ಲ! ಬೆರಳಿಗೆ ಒಂದು ದಾರಿ ರೂಢಿಯಾಗಲು ವಾರಗಟ್ಟಲೆ ಬೇಕು, ತಲೆಗೆ ಕೇಳದೆ ಒತ್ತುವ ಮಟ್ಟಕ್ಕೆ ಬರಲು ಇನ್ನೂ ಹೆಚ್ಚು. ಆಯ್ಕೆಗಳು ಏರಿದಷ್ಟೂ ತೀರ್ಮಾನ ತಡವಾಗುತ್ತದೆ ಎಂದು ಫಿಟ್ಸ್‌ಗಿಂತ ಎರಡು ವರ್ಷ ಮೊದಲೇ, 1952ರಲ್ಲಿ, ವಿಲಿಯಂ ಹಿಕ್ ತೋರಿಸಿದ್ದ. ಬೈಂಡಪ್ಪ ಹಿಕ್‌ನ ಹೆಸರನ್ನು ಮಾತ್ರ ಎಲ್ಲೂ ಎತ್ತುವುದಿಲ್ಲ.

ಇನ್ನು ಉಳಿಸಿದ ಸಮಯದ ವಿಚಾರ. ಒಂದು ಬೈಂಡ್ ಬದಲಿಸಿ 30 ಮಿಲಿಸೆಕೆಂಡು ಉಳಿಸಿದೆ ಎಂದು ಅವನು ಹಿಗ್ಗುತ್ತಾನೆ. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಯುರೋಪಿನ ಸರ್ವರ್‌ವರೆಗೆ ಅವನ ಒತ್ತು ಸಮುದ್ರದಡಿಯ ಕೇಬಲ್ ಹಿಡಿದು ಹೋಗಿ ಬರಲು ಸುಮಾರು 150 ಮಿಲಿಸೆಕೆಂಡು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದಾಗಂತೂ ದಾರಿ ಇನ್ನೂ ಬಳಸಾಯಿತು. ಸಾಲದ್ದಕ್ಕೆ, ಒಂದು ಮಂತ್ರ ಮುಗಿಯುವ 400 ಮಿಲಿಸೆಕೆಂಡು ಮೊದಲೇ ಮುಂದಿನದನ್ನು ಒತ್ತಿಟ್ಟರೂ ಆಟ ಅದನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ತಡವಾಗಿ ಬರುವವರಿಗೆಂದೇ ಬ್ಲಿಝರ್ಡ್ ಬಾಗಿಲು ತೆರೆದಿಟ್ಟಿದೆ. ಬೈಂಡಪ್ಪ ಕಿಟಕಿಯಿಂದ ನುಗ್ಗುವ ಸಾಹಸದಲ್ಲಿದ್ದಾನೆ.

ಮ್ಯೂನಿಕ್‌ನ ಗೆಳೆಯನಿಗೂ ತನ್ನ ನಕ್ಷೆ ಕಳಿಸಿಕೊಟ್ಟಿದ್ದ. ಜರ್ಮನಿಯ ಕೀಬೋರ್ಡಿನಲ್ಲಿ ವೈ ಇರಬೇಕಾದಲ್ಲಿ ಜೆಡ್, ಜೆಡ್ ಇರಬೇಕಾದಲ್ಲಿ ವೈ. ಎಡಗೈ ಕಿರುಬೆರಳಿನ ಕೆಳಗಿರಬೇಕಾದ ಮಂತ್ರ ಕೀಬೋರ್ಡಿನ ನಟ್ಟನಡುವೆ ಹೋಗಿ ಕೂತಿತು. ಅವನು ಎರಡು ದಿನ ನೋಡಿ ನಕ್ಷೆ ಪಕ್ಕಕ್ಕಿಟ್ಟ. ಈಗ 1800 ದಾಟಿದ್ದಾನೆ. ಅರ್ಧಕ್ಕರ್ಧ ಮಂತ್ರಗಳನ್ನು ಮೌಸಿನಲ್ಲಿ ಕ್ಲಿಕ್ ಮಾಡುತ್ತಾನೆ ಎಂಬ ಸುದ್ದಿ ಇದೆ. ಈ ವಿಷಯ ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ.

2025ರ ಜೂನ್‌ನಲ್ಲಿ ಸಿಡಿಲು ಬಡಿಯಿತು. ಬ್ಲಿಝರ್ಡ್ ತಾನೇ ಒಂದು ಸಹಾಯಕ ಗುಂಡಿಯನ್ನು ಆಟಕ್ಕೆ ಸೇರಿಸಿತು. ಅದೊಂದನ್ನೇ ಒತ್ತುತ್ತಿದ್ದರೆ ಸಾಕು, ಮುಂದೆ ಯಾವ ದಾಳಿ ಮಂತ್ರ ಎನ್ನುವುದನ್ನು ಆಟವೇ ಆರಿಸುತ್ತದೆ. ದಂಡವಾಗಿ ಪ್ರತಿ ಮಂತ್ರದ ನಡುವೆ ಚೂರು ತಡ. ಗೆಳೆಯರು ಸಾಂತ್ವನಕ್ಕೆ ಫೋನ್ ಮಾಡಿದರು. ಬೈಂಡಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಳೆ ಬಂದಿತ್ತು: ಅದು ಬಾಣ ಬಿಡುತ್ತದೆ ಅಷ್ಟೆ, ತಡೆಯಲು ಬರುವುದಿಲ್ಲ, ಹಾರಲು ಬರುವುದಿಲ್ಲ, ಕುರಿ ಮಾಡಲಂತೂ ಬರುವುದೇ ಇಲ್ಲ. ಆದರೂ ಇರಲಿ ಅಂತ ಸೇರಿಸಿಕೊಳ್ಳಲು ಹೊರಟರೆ ಅಷ್ಟೋತ್ತರದಲ್ಲಿ ಜಾಗವಿಲ್ಲ. ಮೀನನ್ನು ತೆಗೆಯಲು ಮನಸ್ಸು ಬರಲಿಲ್ಲ. ಕೊನೆಗೆ ಮೌಸಿನ ಚಕ್ರವನ್ನು ಮೇಲೆ ಕೆಳಗೆ ಉರುಳಿಸುವುದನ್ನೂ ಬೈಂಡ್ ಮಾಡಬಹುದು ಎಂಬುದು ಹೊಳೆದು, ರಾತ್ರಿ ಎರಡು ಗಂಟೆಗೆ ಗುಂಪಿಗೆ ಮೆಸೇಜ್ ಹಾಕಿದ:

"ಮಗಾ, ಆ ಒಂದೇ ಬಟನ್‌ನ ವೀಲ್ ಅಪ್‌ಗೆ ಹಾಕ್ಲಾ, ವೀಲ್ ಡೌನ್‌ಗೆ ಹಾಕ್ಲಾ?"

ಮ್ಯೂನಿಕ್‌ನಿಂದ ತಕ್ಷಣ ಉತ್ತರ ಬಂತು: "ನಾನು ಕ್ಲಿಕ್ಕೇ ಮಾಡ್ತಿದೀನಪ್ಪ. ಚೆನ್ನಾಗ್ ನಡೀತಿದೆ."