ಬ್ಯಾಡ್ಜಣ್ಣನ ಎರಡು ಕೈ

ಊರಲ್ಲಿ ಏನೇ ನಡೆಯಲಿ, ರಕ್ತದಾನ ಶಿಬಿರವೋ, ಗಣೇಶೋತ್ಸವವೋ, ಸಾಹಿತ್ಯ ಸಮ್ಮೇಳನವೋ, ಕೆರೆ ಶುಚಿಗೊಳಿಸುವ ಭಾನುವಾರವೋ, ಶಾಮಿಯಾನದವನಿಗಿಂತ ಮೊದಲು ಬಂದು ನಿಲ್ಲುವವರು ಬ್ಯಾಡ್ಜಣ್ಣ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ, ಅಲ್ಲೇ ಇರಲಿ. ನಮಗೆ ಕಾಣುವುದು ಎದೆಯ ಮೇಲಿನ ರಿಬ್ಬನ್ ಹೂವು, ಅದರ ನಡುವೆ ‘ಸ್ವಯಂಸೇವಕ’ ಎಂದು ಅಚ್ಚಾದ ರಟ್ಟು. ಸಂಘಟಕರು ಬ್ಯಾಡ್ಜು ಮಾಡಿಸಲು ಮರೆತರೂ ಚಿಂತೆಯಿಲ್ಲ. ಹಳೆಯ ಕಾರ್ಯಕ್ರಮಗಳ ಬ್ಯಾಡ್ಜುಗಳನ್ನೆಲ್ಲ ಶೋಕೇಸಿನ ಕೆಳಗಿನ ಡ್ರಾಯರಿನಲ್ಲಿ ಬಣ್ಣವಾರು ಜೋಡಿಸಿಟ್ಟಿದ್ದಾರೆ. ಒಂದು ಕಣ್ಣಿನ ತಪಾಸಣಾ ಶಿಬಿರದಲ್ಲಿ ಅವಸರಕ್ಕೆ ‘ವಧುವಿನ ಕಡೆಯವರು’ ಎಂಬುದನ್ನೇ ಚುಚ್ಚಿಕೊಂಡು ಸಂಜೆಯವರೆಗೆ ಓಡಾಡಿದರು. ಬಂದವರೆಲ್ಲ ಕನ್ನಡಕಕ್ಕಾಗಿ ಬಂದವರಾದ್ದರಿಂದ ಯಾರೂ ಓದಲಿಲ್ಲ.

ದೇವರು ಎಲ್ಲರಂತೆ ಅವರಿಗೂ ಎರಡು ಕೈ ಕೊಟ್ಟಿದ್ದಾನೆ. ಬಲಗೈ ತೋರಿಸುವುದಕ್ಕೆ, ಎಡಗೈ ಫೋನಿಗೆ. “ಏಯ್, ಆ ಸಾಲು ಸೊಟ್ಟಗಾಯ್ತು ನೋಡು!” ಎಂದು ಬಲಗೈ ಹೇಳುವಾಗ ಎಡಗೈ ಆ ಸಾಲಿನ ಫೋಟೊ ತೆಗೆದಿರುತ್ತದೆ. ಕುರ್ಚಿ ಎತ್ತಲು ಮೂರನೆಯದೊಂದು ಕೈ ಬೇಕಿತ್ತು. ಅದಿಲ್ಲವಾದ್ದರಿಂದ ಆ ಕೆಲಸವನ್ನು ಪಿಯುಸಿ ಹುಡುಗರು ಮಾಡುತ್ತಾರೆ.

ಕಾಲೇಜಿನಲ್ಲಿ ಅವರು ಎನ್ನೆಸ್ಸೆಸ್‌ನಲ್ಲಿದ್ದರು. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ಹುಟ್ಟಿದ ಆ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಏಳು ದಿನ ಹಳ್ಳಿಯ ಶಿಬಿರದಲ್ಲಿರಬೇಕು. ಅದರ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಬ್ಯಾಡ್ಜಣ್ಣ ಅದನ್ನು ಇಂದಿಗೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಗುದ್ದಲಿ ಕಂಡ ಕೂಡಲೇ ಪಕ್ಕದವನ ಕಡೆ ತಿರುಗಿ, ಇದು ನನಗಲ್ಲ, ನಿನಗೆ ಎನ್ನುತ್ತಾರೆ.

ಅವರನ್ನೊಬ್ಬರನ್ನೇ ಅಂದು ಪ್ರಯೋಜನವಿಲ್ಲ, ಇದು ಹಳೆಯ ವಂಶ. 1901ರ ಕೊನೆಯಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿ ಅಲ್ಲಿ ಕಂಡ ಸ್ವಯಂಸೇವಕರನ್ನು ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಒಬ್ಬನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ದಾಟಿಸುತ್ತಿದ್ದ, ಇನ್ನೊಬ್ಬ ಮತ್ತೊಬ್ಬನಿಗೆ. ಕಕ್ಕಸಿನ ಗಲೀಜು ತೋರಿಸಿದರೆ ಅದು ನಮ್ಮ ಕೆಲಸವಲ್ಲ, ಜಾಡಮಾಲಿಯದು ಎಂದರು. ದಕ್ಷಿಣ ಆಫ್ರಿಕದಲ್ಲಿ ಆಗಲೇ ಹೆಸರು ಮಾಡಿದ್ದ ಆ 32 ವರ್ಷದ ಬ್ಯಾರಿಸ್ಟರು ಪೊರಕೆ ಹುಡುಕಿ ತಾವೇ ಗುಡಿಸಿದರು. ಆಮೇಲೆ ಕಚೇರಿಗೆ ಹೋಗಿ, ಏನಾದರೂ ಕೆಲಸವಿದ್ದರೆ ಕೊಡಿ ಎಂದರು. ಕಾರ್ಯದರ್ಶಿ ಘೋಷಾಲ್ ಬಾಬು ಉತ್ತರ ಬರೆಯದೆ ಬಿದ್ದಿದ್ದ ಕಾಗದಗಳ ರಾಶಿಯನ್ನು ಮುಂದಿಟ್ಟರು. ಗಾಂಧಿ ಕೂತು ಮುಗಿಸಿದರು, ಸಾಲದ್ದಕ್ಕೆ ಘೋಷಾಲ್ ಬಾಬುವಿನ ಅಂಗಿಯ ಗುಂಡಿಯನ್ನೂ ಹಾಕಿದರು. ಇಲ್ಲಿ ನನಗೆ ಮುಖ್ಯವೆನಿಸುವುದು ಪೊರಕೆಗಿಂತ ಆ ಪ್ರಶ್ನೆ. ‘ಏನು ಕೆಲಸವಿದೆ?’ ಬ್ಯಾಡ್ಜಣ್ಣನ ಬಾಯಿಂದ ಹೊರಡದ ಪ್ರಶ್ನೆ ಇದೊಂದೇ. ಏಕೆಂದರೆ ಉತ್ತರವನ್ನು ಅವರು ಮನೆಯಿಂದಲೇ ತಂದಿರುತ್ತಾರೆ.

(ಈ ಕಾಯಿಲೆಗೆ ಮದ್ದು ಅರೆದವರು ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಡಾಕ್ಟರು. 1923ರಲ್ಲಿ ಸೇವಾದಳ ಕಟ್ಟಿ, ಕವಾಯತು ಕಲಿಸಿ, ಮರುವರ್ಷ ಗಾಂಧಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನಕ್ಕೆ ಶಿಸ್ತಿನ ಹುಡುಗರನ್ನು ಇಳಿಸಿದರು. ಬ್ಯಾಡ್ಜಣ್ಣ ಅಲ್ಲಿದ್ದಿದ್ದರೆ ಹರ್ಡೀಕರರಿಗೇ ಕವಾಯತು ಮಾಡಿಸುತ್ತಿದ್ದರು.)

ಬ್ಯಾಡ್ಜಣ್ಣ ಮನೆಯಿಂದ ತಂದ ಉತ್ತರಗಳಲ್ಲೆಲ್ಲ ದೊಡ್ಡದು 2019ರ ಆಗಸ್ಟಿನಲ್ಲಿ ಲಾರಿಯಲ್ಲಿ ಬಂತು. ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ನೀರು ನುಗ್ಗಿತ್ತು. ಟೀವಿ ನೋಡುತ್ತಿದ್ದ ಬ್ಯಾಡ್ಜಣ್ಣನ ಕಣ್ಣಲ್ಲಿ ನೀರು ಬಂತು, ಇದು ನಟನೆಯಲ್ಲ, ನಿಜವಾಗಿ ಬಂತು. ತಕ್ಷಣ ಎದ್ದು ಬಡಾವಣೆಯ ಮನೆಮನೆಗೆ ಹೋಗಿ ‘ಬಟ್ಟೆ ಕೊಡಿ’ ಎಂದರು. ದಸರೆಗೆ ಮುಂಚೆಯೇ ಬೀರು ಖಾಲಿಯಾಗುವ ಯೋಗ ಬಂತೆಂದು ಬಡಾವಣೆಯೂ ಸಂತೋಷಪಟ್ಟಿತು. ಜರಿ ಲೆಹೆಂಗಾ, ಆರತಕ್ಷತೆಯಲ್ಲಿ ಒಂದೇ ಸಲ ತೊಟ್ಟ ಕೋಟು, ಒಂಟಿ ಕಾಲುಚೀಲ, ಮಂಡಿಯ ಬಳಿ ಫ್ಯಾಷನ್ನಿಗೆಂದೇ ಹರಿದ ಜೀನ್ಸು, ಜೊತೆಗೆ ಬೇಕರಿಯವರು ಕೊಟ್ಟ ಬ್ರೆಡ್ಡು. ಲಾರಿಯ ಮುಂದೆ ಬ್ಯಾನರು, ಬ್ಯಾನರಿನ ಮೇಲೆ ಬ್ಯಾಡ್ಜಣ್ಣ.

ಶಾಲೆಯೊಂದರಲ್ಲಿ ನಿರಾಶ್ರಿತರ ಕೇಂದ್ರ. ಅಕ್ಕಿ ಹಂಚುವ ದೃಶ್ಯದಿಂದ ಕಾರ್ಯ ಆರಂಭವಾಯಿತು. ಒಬ್ಬ ಹೆಣ್ಣುಮಗಳು ಅದೇ ಅಕ್ಕಿ ಚೀಲವನ್ನು ಮೂರು ಸಲ ಸ್ವೀಕರಿಸಬೇಕಾಯಿತು. ಮೊದಲ ಸಲ ಬ್ಯಾನರು ಮಡಿಚಿಕೊಂಡಿತ್ತು, ಎರಡನೆಯ ಸಲ ಬ್ಯಾಡ್ಜಣ್ಣ ಕಣ್ಣು ಮುಚ್ಚಿದ್ದರು. ಮೂರನೆಯ ಸಲ ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. “ಸ್ವಲ್ಪ ಈ ಕಡೆ ನೋಡಿ ಅಮ್ಮಾ, ಮುಖ ಕಾಣ್ತಿಲ್ಲ” ಎಂದರು. ಮುಖ ಕಾಣಬಾರದೆಂದೇ ಆಕೆ ಸೆರಗು ಎಳೆದದ್ದು. ನಿನ್ನೆಯವರೆಗೆ ಸ್ವಂತ ಹೊಲ, ಸ್ವಂತ ಹಗೇವು ಇದ್ದವಳು ಐದು ಕಿಲೋ ಅಕ್ಕಿಗೆ ಕೈಯೊಡ್ಡಿದ್ದು ಬೆಂಗಳೂರಿನ ವಾಟ್ಸಾಪಿನಲ್ಲಿ ಯಾಕೆ ಓಡಾಡಬೇಕು?

ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಟ್ಟೆಯ ಗಂಟು ಬಿಚ್ಚಿ, ಕೋಟನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದಳು. “ತಮ್ಮಾ, ಅಷ್ಟು ದೂರದಿಂದ ಬಂದೀರಿ, ದೇವರು ನಿಮಗ ಚಲೋ ಮಾಡ್ಲಿ. ಆದ್ರ ಬರೂಕಿಂತ ಮೊದಲ ಒಂದು ಫೋನ್ ಹಚ್ಚಿ ಏನ್ ಬೇಕಂತ ಕೇಳಬೇಕಿಲ್ಲೋ? ದನಕ್ಕ ಮೇವಿಲ್ಲ, ಮ್ಯಾಲೆ ಹೊದಿಸಾಕ ತಾಡಪತ್ರಿ ಇಲ್ಲ. ಈ ಕೋಟು ಏನ್ ಎಮ್ಮಿಗಿ ಹಾಕೂಣು?”

ಬ್ಯಾಡ್ಜಣ್ಣ ಅದನ್ನು ಮೆಚ್ಚುಗೆ ಎಂದು ತಿಳಿದು ಕೈ ಮುಗಿದರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲೂ ಹೀಗೇ ಹಳೆ ಬಟ್ಟೆ ರಸ್ತೆ ಬದಿಗೆ ರಾಶಿ ಬಿದ್ದಿತ್ತು. ದಿಲ್ಲಿಯ ಗೂಂಜ್ ಸಂಸ್ಥೆಯವರು ಕೂತು ಅದನ್ನು ಹೆಕ್ಕಿ, ವಿಂಗಡಿಸಿ, ಉಪಯೋಗಕ್ಕೆ ಹಚ್ಚಬೇಕಾಯಿತು. ಸೇವೆಯ ಹಿಂದೆ ಗುಡಿಸಿಕೊಂಡು ಬರಲು ಇನ್ನೊಂದು ಸೇವೆ.

ಹಾಗೆಂದು ಬ್ಯಾಡ್ಜಣ್ಣ ಬರೀ ಗುಂಪಿನ ಮನುಷ್ಯರಲ್ಲ. ಪಕ್ಕದ ಬೀದಿಯ ದೃಷ್ಟಿಹೀನ ಹುಡುಗನೊಬ್ಬನ ಬಿ.ಎ. ಪರೀಕ್ಷೆಗೆ ಬರೆದುಕೊಡಲು ಹೋಗಿದ್ದರು. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪರೀಕ್ಷಾರ್ಥಿ ತಾನೇ ಕರೆತರುವ ಬರಹಗಾರನ ಓದು ಅವನಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಪಿಯುಸಿಗೆ ನಿಂತದ್ದೇ ಅರ್ಹತೆಯಾಗುವ ಜಾಗ ಜಗತ್ತಿನಲ್ಲಿ ಇನ್ನೆಲ್ಲಿತ್ತು! ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚಿನ ಸಮಯವೂ ಸಿಗುತ್ತದೆ. ಆ ಸಮಯವೆಲ್ಲ ಬ್ಯಾಡ್ಜಣ್ಣನ ಉಪದೇಶಕ್ಕೆ ಹೋಯಿತು. ಹುಡುಗ ‘ಬಕ್ಸರ್ ಕದನ 1764’ ಎಂದ. “1757 ಅಲ್ವೇನಪ್ಪ? ಯೋಚನೆ ಮಾಡು” ಎಂದು ಪೆನ್ನು ಎತ್ತಿ ಹಿಡಿದರು. “ಅದು ಪ್ಲಾಸಿ ಅಂಕಲ್.” “ನಮ್ಮ ಕಾಲದಲ್ಲಿ 1757 ಅಂತಲೇ ಓದಿದ್ದು.” ಹುಡುಗ ಸಾವಧಾನವಾಗಿ, “ಅಂಕಲ್, ತಪ್ಪಾದ್ರೂ ಪರವಾಗಿಲ್ಲ, ನಾನು ಹೇಳಿದ್ದು ಬರೀರಿ. ಪರೀಕ್ಷೆ ನಂದು” ಎಂದ. ಬ್ಯಾಡ್ಜಣ್ಣ ಬರೆದರು, ಆದರೆ ಮನೆಗೆ ಬಂದು ‘ಈಗಿನ ಹುಡುಗರಿಗೆ ಕೃತಜ್ಞತೆ ಇಲ್ಲ’ ಎಂದರು.

ಶಿವರಾತ್ರಿಗೆ ಚಾರ್ಮಾಡಿ ಘಾಟಿಯಲ್ಲಿ ನಿಂತು ಧರ್ಮಸ್ಥಳದ ಪಾದಯಾತ್ರಿಗಳಿಗೆ ಮಜ್ಜಿಗೆ ಕೊಡುವುದೂ ಉಂಟು. ಕೊಡುವುದು ಅಂದರೆ ಕುಡಿಸುವುದು. “ಈಗಷ್ಟೇ ಕುಡಿದೆ ಸ್ವಾಮಿ” ಎಂದರೆ ಬಿಡುವವರಲ್ಲ. ಅವರ ಭಕ್ತಿಗೆ ಸಿಕ್ಕ ಯಾತ್ರಿಗಳು ಮುಂದಿನ ತಿರುವಿನಲ್ಲಿ ಮರೆ ಹುಡುಕುತ್ತಾರೆ.

ಇಷ್ಟೆಲ್ಲ ಆಡಿಕೊಂಡರೂ ನನಗೆ ಅವರ ಮೇಲೆ ಸಿಟ್ಟಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ಬಂದು ನಿಲ್ಲುವವರು ನೂರಕ್ಕೆ ಒಬ್ಬರು. ಮಿಕ್ಕವರು ನಾವು ಹಾಸಿಗೆಯಲ್ಲಿ ಮಲಗಿ ಅವರ ಫೋಟೊಕ್ಕೆ ಹೆಬ್ಬೆರಳು ಒತ್ತುವವರು. ದೋಷ ಮನಸ್ಸಿನಲ್ಲಿಲ್ಲ, ಕೈಯಲ್ಲಿದೆ. ಎರಡೂ ಕೈ ಖಾಲಿ ಇರುವ ಸ್ವಯಂಸೇವಕನೇ ಅಧಿಕಾರಿಯಾಗುವುದು. ಸಂಘಟಕರು ಇದನ್ನು ಅರಿಯದೆ ಅವರಿಗೆ ಮೈಕು ಕೊಟ್ಟು ಕೆಡಿಸಿದ್ದಾರೆ.

ಅರಿತವರು ಸಿಕ್ಕಿದ್ದು ಕೊಪ್ಪಳದಲ್ಲಿ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹ ಎಂದರೆ ಸುತ್ತಲ ಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ, ಮಾದಲಿ ಬರುತ್ತದೆ. ಊರೂರಿನವರು ತಂಡ ಕಟ್ಟಿಕೊಂಡು ಬಂದು ಹೆಚ್ಚುತ್ತಾರೆ, ಬೇಯಿಸುತ್ತಾರೆ, ಬಡಿಸುತ್ತಾರೆ. ಬ್ಯಾಡ್ಜಣ್ಣ ಹಳದಿ ರಿಬ್ಬನ್ನಿನದನ್ನು ಚುಚ್ಚಿಕೊಂಡು ಒಳಗೆ ಹೋಗಿ ಸುತ್ತ ನೋಡಿದರು. ಹೊಗೆ, ಕೊಪ್ಪರಿಗೆ, ಬೆವರು. ಯಾರೂ ಯಾರಿಗೂ ಕೈ ತೋರಿಸುತ್ತಿರಲಿಲ್ಲ.

“ಇಲ್ಲಿ ಉಸ್ತುವಾರಿ ಯಾರದ್ದಮ್ಮಾ?” ಎಂದು ಕೇಳಿದರು.

ರೊಟ್ಟಿ ಎಣಿಸುತ್ತಿದ್ದ ಹೆಂಗಸು ತಲೆ ಎತ್ತಲಿಲ್ಲ. “ಯಾರದೂ ಇಲ್ರಿ ಅಣ್ಣಾರ. ಕೈ ಖಾಲಿ ಅದಾವೇನು? ಆ ಸಾರಿನ ಬಕೀಟ ಹಿಡೀರಿ. ಮೂರನೇ ಸಾಲಿಗಿ ಸಾರು ಮುಟ್ಟಿಲ್ಲ.”

ಬಲಗೈಗೆ ಸೌಟು, ಎಡಗೈಗೆ ಬಕೆಟ್ಟು. ತುಂಬಿದ ಬಿಸಿ ಸಾರು ಹಿಡಿದವನು ಬೆರಳು ತೋರಿಸಲಾರ, ಭಾಷಣ ಮಾಡಲಾರ, ಬಗ್ಗಿಯೇ ನಡೆಯಬೇಕು. ನೂಕಿದರೆ ಕಾಲಿನ ಮೇಲೆ ಚೆಲ್ಲುತ್ತದೆ, ಅವಸರಪಟ್ಟರೆ ಉಣ್ಣುವವರ ತೊಡೆಯ ಮೇಲೆ. ‘ಬ್ಯಾಡ್ರಿ, ಸಾಕು’ ಎಂದು ತಟ್ಟೆಗೆ ಅಂಗೈ ಅಡ್ಡ ಹಿಡಿದವನಿಗೆ ಬಲವಂತವಾಗಿ ಸುರಿದರೆ ಅಂಗೈ ಬೇಯುತ್ತದೆ. ಆದ್ದರಿಂದ ಬ್ಯಾಡ್ಜಣ್ಣ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬೊಬ್ಬರ ಮುಖ ನೋಡಿ, ತಗ್ಗಿದ ದನಿಯಲ್ಲಿ, “ಹಾಕ್ಲಾ?” ಎಂದು ಕೇಳುತ್ತಾ ಸಾಲಿನ ತುದಿ ಮುಟ್ಟಿದರು. ಬಕೆಟ್ಟು ಖಾಲಿಯಾದಾಗ ಫೋನು ತೆಗೆಯಲು ಜೇಬಿಗೆ ಕೈ ಹಾಕಿದ್ದು ನಿಜ. ಅಷ್ಟರಲ್ಲಿ ಯಾರೋ ತುಂಬಿದ ಬಕೆಟ್ಟನ್ನು ತಂದು ಹಿಡಿಸಿದರು. ಮಧ್ಯಾಹ್ನ ಮೂರರವರೆಗೆ ಹೀಗೇ ನಡೆಯಿತು.

ಸಂಜೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಫೋನು ಮಾಡಿದರು.

“ಹೂಂ ಕಣೇ, ಲಕ್ಷಾಂತರ ಜನ. ಸಾರಿನ ವಿಭಾಗ ಪೂರ್ತಿ ನಂದೇ ಉಸ್ತುವಾರಿ.”