ಡಿಕ್ಕಿಗೆ 610 ಲೀಟರ್, ಅಜ್ಜಿಗೆ ಒಂದು ಗೇಣು

ಕೆಂಗೇರಿ ಉಪನಗರದಲ್ಲಿ ಕೂತು ಇಂಗ್ಲೆಂಡಿನಲ್ಲಿ ಕಾರು ಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ದುಡ್ಡು ಅಳಿಯನದು, ಓಡಿಸುವವಳು ಮಗಳು, ಕೂರುವವರು ಮೊಮ್ಮಕ್ಕಳು. ನಮ್ಮ ಪಾಲಿಗೆ ಉಳಿಯುವುದು "ಅದು ಬೇಡ" ಅನ್ನುವುದೊಂದೇ. ಆ ಕೆಲಸಕ್ಕೂ ನಮ್ಮ ಬೀದಿಯವರೆಲ್ಲ ಕೈಜೋಡಿಸಿದರು.

ಮಗಳ ಸಂಸಾರ ಇರುವುದು ಲಂಡನ್ನಿನ ಪಶ್ಚಿಮಕ್ಕೆ, ರೆಡಿಂಗ್ ಎಂಬ ಊರಿನಲ್ಲಿ. ದೊಡ್ಡವನು ನಾಲ್ಕು ವರ್ಷದ ಪುಟ್ಟ, ಚಿಕ್ಕವಳು ಇನ್ನೂ ವರ್ಷ ತುಂಬದ ಪುಟ್ಟಿ. ಇದ್ದ ಸಣ್ಣ ಕಾರಿನ ಡಿಕ್ಕಿಯಲ್ಲಿ ಮಗುವಿನ ತಳ್ಳುಗಾಡಿ ಇಟ್ಟರೆ ತರಕಾರಿ ಚೀಲ ಅಳಿಯನ ತೊಡೆ ಮೇಲೆ ಬರುತ್ತಿತ್ತಂತೆ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಕಾರು ಹುಡುಕುತ್ತಿದ್ದೇವೆ ಅಂತ ಫೋಟೋ ಕಳಿಸಿದಳು. ಮುಂದಿನಿಂದ ನೋಡಿದರೆ ಎಲ್ಲ ಕಾರಿನ ಹಾಗೇ ಇದೆ. ಹಿಂದೆ ಮಾತ್ರ ಚಾವಣಿ ಇಳಿಯುವುದನ್ನೇ ಮರೆತು ಬಂಪರಿನ ತನಕ ಹೋಗಿಬಿಟ್ಟಿದೆ. ನಮ್ಮಾಕೆ ಕನ್ನಡಕ ಏರಿಸಿಕೊಂಡು ನೋಡಿ, "ಅಯ್ಯೋ, ಆಂಬುಲೆನ್ಸ್ ಥರ ಇದೆಯಲ್ಲೇ" ಅಂದಳು. ಆಮೇಲೆ ಇನ್ನೊಂದು ಗಾಡಿಯ ಹೆಸರನ್ನೂ ಹೇಳಿದಳು. ಹೊಸ ಕಾರಿನ ವಿಷಯ ಬರೆಯುವಾಗ ಅದು ಬೇಡ.

ಅವಳನ್ನು ಅಂದು ಪ್ರಯೋಜನವಿಲ್ಲ. ನಾವು ಕಂಡ ಮೊದಲ ಉದ್ದ ಬಾಲದ ಕಾರು ಅಂಬಾಸಿಡರ್ ಎಸ್ಟೇಟ್, ಅದೂ ನೆತ್ತಿಯ ಮೇಲೆ ಕೆಂಪು ದೀಪ ಹೊತ್ತುಕೊಂಡು. 1992ರಲ್ಲಿ ಟಾಟಾದವರು ಎಸ್ಟೇಟ್ ಎಂಬ ಹೆಸರಿನಲ್ಲೇ ಒಂದು ಕಾರು ತಂದರು, 2004ರಲ್ಲಿ ಇಂಡಿಗೋ ಮರೀನಾ ಬಂತು, ಜೊತೆಗೆ ಸ್ಕೋಡಾದವರ ಆಕ್ಟೇವಿಯಾ ಕಾಂಬಿ. ಒಂದೂ ನಿಲ್ಲಲಿಲ್ಲ. ಹೆಚ್ಚಿಗೆ ದುಡ್ಡು ಕೊಡುವವರಿಗೆ ಡಿಕ್ಕಿ ಬೇರೆಯಾಗಿ, ಹಿಂದಕ್ಕೆ ಚಾಚಿಕೊಂಡು ಕಾಣಬೇಕಿತ್ತು. ಮಕ್ಕಳು, ಮೂಟೆ ಎರಡನ್ನೂ ಒಟ್ಟಿಗೆ ಸಾಗಿಸಬೇಕಾದವರು ಓಮ್ನಿ ತಗೊಂಡರು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಆ ಡಬ್ಬಿಯಲ್ಲಿ ಕೆಂಗೇರಿಯ ಒಂದಿಡೀ ತಲೆಮಾರು ಸ್ಕೂಲಿಗೆ ಹೋಗಿದೆ. ಎಷ್ಟು ಮಕ್ಕಳು ಹಿಡಿಯುತ್ತವೆ ಎಂಬುದಕ್ಕೆ ಡ್ರೈವರ್ ಹತ್ತಿರ ಲೆಕ್ಕವೇ ಇರಲಿಲ್ಲ. ಬಾಗಿಲು ಜಾರಿಸಿ ಮುಚ್ಚಿಕೊಂಡರೆ ಹಿಡಿದವು ಅಂತ ಅರ್ಥ.

ನಮ್ಮ ಮಗಳಂತೂ ಬೆಳೆದದ್ದೇ ಬಜಾಜ್ ಚೇತಕ್ ಮೇಲೆ. ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ನಿಂತು, ವೃಷಭಾವತಿಯ ವಾಸನೆಗೆ ಮೂಗು ಮುಚ್ಚಿಕೊಂಡು ಮೈಸೂರು ರಸ್ತೆ ನೋಡಿದವಳು. ಈಗ ಅದೇ ಮಗಳು ನನಗೆ ಫೋನಿನಲ್ಲಿ ಪಾಠ ಹೇಳುತ್ತಾಳೆ: "ಅಪ್ಪ, ಇಲ್ಲಿ ಮಗುಗೆ ಹನ್ನೆರಡು ವರ್ಷ ಆಗಬೇಕು, ಇಲ್ಲ 135 ಸೆಂಟಿಮೀಟರ್ ಎತ್ತರ ಆಗಬೇಕು, ಯಾವುದು ಮೊದಲೋ ಅದು. ಅಲ್ಲೀತನಕ ಚೈಲ್ಡ್ ಸೀಟ್ ಬಿಟ್ಟು ಕೂರಿಸೋ ಹಾಗಿಲ್ಲ." ಅದರ ಜೊತೆಗೆ ಪುಟ್ಟಿಯಂಥ ಕೂಸಿಗೆ ಹೊಸ ನಿಯಮದ ಸೀಟಾದರೆ ಹದಿನೈದು ತಿಂಗಳು ದಾಟುವ ತನಕ ಹಿಂದಕ್ಕೆ ಮುಖ. ಇದು ನಮ್ಮಾಕೆಗೆ ಸುತರಾಂ ಒಪ್ಪಿಗೆಯಾಗಲಿಲ್ಲ. "ಪಾಪ, ಅದೇನು ತಪ್ಪು ಮಾಡಿದೆ ಅಂತ ಮಗುನ ಗೋಡೆ ಕಡೆ ತಿರುಗಿಸಿ ಕೂರಿಸಿದೀರಾ?"

ಕಾರಣ ಹೇಳಿದವರು ಮೂಲೆ ಮನೆ ಮೇಷ್ಟ್ರು. ವಿಜ್ಞಾನ ಕಲಿಸಿ ನಿವೃತ್ತರಾದವರು, ಪಾರ್ಕಿನ ಬೆಂಚು ಸಿಕ್ಕರೆ ಈಗಲೂ ಕ್ಲಾಸು ಶುರು. ಕೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತು ಎಳೆಯದು. ಕಾರು ಎದುರಿಗೆ ಗುದ್ದಿದಾಗ ತಲೆ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಆ ಪೆಟ್ಟನ್ನು ಸೀಟಿನ ಬೆನ್ನೇ ಹೊತ್ತುಕೊಳ್ಳುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರಿಗೆ ಇದು ಹೊಳೆದದ್ದು ಗಗನಯಾತ್ರಿಗಳು ರಾಕೆಟ್ ಏರುವಾಗ ಬೆನ್ನಿಗೆ ಆನಿಸಿ ಮಲಗಿರುವುದನ್ನು ನೋಡಿ. 1964ರಲ್ಲಿ ಅಂಥ ಮೊದಲ ಸೀಟನ್ನು ವೋಲ್ವೋ ಕಾರಿನಲ್ಲಿಟ್ಟು ಪರೀಕ್ಷೆ ಮಾಡಿದರು. ಮೊಮ್ಮಗಳು ಗಗನಯಾತ್ರಿ ಅಂದ ಮೇಲೆ ನಮ್ಮಾಕೆ ಸ್ವಲ್ಪ ತಣ್ಣಗಾದಳು. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯವರಿಗೂ ಸುದ್ದಿ ಮುಟ್ಟಿತ್ತು.

ಇನ್ನು ಕಾರಿನ ಶೋಧ. ಬೆಂಗಳೂರಿನಲ್ಲಾದರೆ ಬ್ರೋಕರ್ ಹೇಳುವುದು ಮೂರೇ ಮಾತು: ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ ಸಾರ್, ಒಂದು ಟಚಿಂಗ್ ಇಲ್ಲ ಸಾರ್. ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಕೂಡಿಸಿದರೆ ಊರಿನಲ್ಲಿರುವ ಡಾಕ್ಟರುಗಳು ಸಾಲುವುದಿಲ್ಲ. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರಿಗೆಲ್ಲ ವರ್ಷಕ್ಕೊಮ್ಮೆ ಎಂಓಟಿ ಅಂತ ಪರೀಕ್ಷೆ. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಆಗುವ ತನಕ ಎಫ್‌ಸಿ ಅಂತ ಯಾರೂ ಕೇಳುವುದಿಲ್ಲ, ಎಮಿಷನ್ ಚೀಟಿ ಇದ್ದರೆ ಸರಿ. ಅಲ್ಲಿ ಆ ಪರೀಕ್ಷೆಯ ಫಲಿತಾಂಶವನ್ನು ಸರ್ಕಾರವೇ ಬಯಲಿಗೆ ಹಾಕಿದೆ. ನಂಬರ್ ಗೊತ್ತಿದ್ದರೆ ಸಾಕು, ಕಾಸು ಕೊಡದೆ ಯಾರು ಬೇಕಾದರೂ ನೋಡಬಹುದು. ಯಾರು ಬೇಕಾದರೂ ಅಂದರೆ ಕೆಂಗೇರಿಯಲ್ಲಿ ಕಾಫಿ ಕುಡಿದು ಬೇರೆ ಕೆಲಸವಿಲ್ಲದೆ ಕೂತ ನಾನೂ.

ಸುಳ್ಳು ಯಾಕೆ, ಪೇಪರ್ ಓದುವುದೇ ನಿಂತುಹೋಯಿತು. ಮಗಳು ನಂಬರ್ ಕಳಿಸುವುದು, ನಾನು ಚರಿತ್ರೆ ತೆಗೆಯುವುದು. ಓಡಿದ ಮೈಲಿ ವರ್ಷವರ್ಷದ್ದೂ ಇರುವುದರಿಂದ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ಕಾರಂತೂ 2020ರಿಂದ 21ರವರೆಗೆ ಮನೆ ಮುಂದಿನಿಂದ ಕದಲಿದ ಹಾಗೇ ಇರಲಿಲ್ಲ; ಪಾಪ, ಲಾಕ್‌ಡೌನ್. ಇನ್ನೊಂದರಲ್ಲಿ ಒಂದು ವರ್ಷ "ಮುಂದಿನ ಎಡ ಟಯರ್ ಸವೆದಿದೆ, ಗಮನಿಸಿ" ಅಂತ ಎಚ್ಚರಿಕೆ. ಮರುವರ್ಷ ಅದೇ ಟಯರಿಗೆ ಫೇಲ್: ಟ್ರೆಡ್ 1.6 ಮಿಲಿಮೀಟರಿಗಿಂತ ಕಡಿಮೆ ಉಳಿದಿತ್ತು. ಈ ಮನುಷ್ಯ ಒಂದು ವರ್ಷ ಕಿವಿಗೆ ಹಾಕಿಕೊಳ್ಳದೆ ಅದೇ ಟಯರಿನಲ್ಲಿ ಓಡಾಡಿದನಲ್ಲ, ಇಂಥವನು ಆಯಿಲ್ ಬದಲಾಯಿಸಿರುತ್ತಾನೆಯೇ? ಅವನ ಮುಖ ನಾನು ನೋಡಿಲ್ಲ, ಹೆಸರು ಗೊತ್ತಿಲ್ಲ. ಗುಣ ಗೊತ್ತಾಯಿತು. ಆ ಕಾರು ಬೇಡ ಅಂದೆ.

ಮೇಷ್ಟ್ರಿಗೆ ಸಿಟ್ಟು ಬಂದದ್ದು ಅಲ್ಲಿಯ ಆರ್‌ಸಿ ಬುಕ್ಕಿನ ಬಗ್ಗೆ. ವಿ5ಸಿ ಅಂತ ಅದರ ಹೆಸರು. "ಇದು ಮಾಲೀಕತ್ವಕ್ಕೆ ಪುರಾವೆಯಲ್ಲ" ಅಂತ ಅದರ ಮೇಲೇ ಅಚ್ಚು ಹಾಕಿದ್ದಾರೆ. "ಮತ್ತೆ ಏನಕ್ಕೆ ಪುರಾವೆ ಅಂತೆ?" ಅಂತ ಅವರು ಇಡೀ ಪಾರ್ಕಿಗೆ ಕೇಳಿಸುವ ಹಾಗೆ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಬಸ್ ಟರ್ಮಿನಲ್ ಕಡೆ ನಮಗೆ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅಳಿಯ ಒಂದು ಡೀಸೆಲ್ ಕಾರಿನ ಇಂಜಿನ್ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದ. ಮೆಕ್ಯಾನಿಕ್ ಗ್ರೀಸ್ ಕೈ ಒರೆಸಿಕೊಂಡು ನನ್ನ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮೈಸೂರು ರಸ್ತೆಯ ಬಸ್ಸು ಲಾರಿಗಳ ಹಾರನ್ನಿನ ನಡುವೆ ಅಷ್ಟನ್ನೂ ಕೇಳಿದ. "ಇಂಜಿನ್ ಚೆನ್ನಾಗಿದೆ ಸಾರ್. ಮಗಳು ದಿನಾ ಎಷ್ಟು ದೂರ ಓಡಿಸ್ತಾರೆ?" ಮಗುವಿನ ನರ್ಸರಿಗೆ ಹೋಗಿಬರುವುದು, ಎರಡು ಮೈಲಿ ಅಂದೆ. "ಹಂಗಾದ್ರೆ ಡೀಸೆಲ್ ಬೇಡ. ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರತ್ತೆ. ಹೈವೇಲಿ ಒಂದಷ್ಟು ಹೊತ್ತು ಓಡಿಸಿದ್ರೆ ಕಾದು ಮಸಿ ಸುಟ್ಟುಹೋಗತ್ತೆ. ಬರೀ ಗಲ್ಲೀಲಿ ಓಡಿಸಿದ್ರೆ ಕಟ್ಕೊಳ್ಳತ್ತೆ. ಪೆಟ್ರೋಲ್ ತಗೊಳಕ್ಕೆ ಹೇಳಿ. ಟೈಮಿಂಗ್ ಬೆಲ್ಟ್ ಚೇಂಜ್ ಮಾಡಿದಾರಾ ಕೇಳಿ." ಇಷ್ಟು ಹೇಳಿ ಮತ್ತೆ ಗಾಡಿಯ ಕೆಳಗೆ ತೂರಿಕೊಂಡ. ನಮ್ಮ ಇಡೀ ಬೀದಿಯಲ್ಲಿ ಉಪಯೋಗಕ್ಕೆ ಬಂದ ಸಲಹೆ ಅದೊಂದೇ ಅಂತ ನನ್ನ ಅಭಿಪ್ರಾಯ.

ಆ ಡೀಸೆಲ್ಲಿಗೆ ಇನ್ನೊಂದು ಕೊಕ್ಕೆಯೂ ಇತ್ತು. ಹೊಗೆ ಜಾಸ್ತಿ ಬಿಡುವ ಗಾಡಿ ಲಂಡನ್ನಿನೊಳಗೆ ಓಡಿದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು, ಡೀಸೆಲ್ ಆದರೆ ಯೂರೋ 6 ಇರಬೇಕು. ಇದು ಯೂರೋ 5. 2023ರ ಆಗಸ್ಟ್ 29ರಿಂದ ಆ ಗೆರೆ ಲಂಡನ್ನಿನ ಎಲ್ಲ ಬಡಾವಣೆಗಳನ್ನೂ ಸುತ್ತುವರಿದಿದೆ, ಹೀತ್ರೂ ವಿಮಾನ ನಿಲ್ದಾಣವೂ ಒಳಗೇ. ಅಂದರೆ ನಾವು ಅಲ್ಲಿಗೆ ಹೋದಾಗ ನಮ್ಮನ್ನು ಕರೆತರಲು ಬಂದರೂ ದಂಡ! ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ವಿಮಾನ ತಡವಾಗಿ ಗಂಟೆ ಹನ್ನೆರಡು ದಾಟಿದರೆ ಎರಡು ದಿನದ್ದು. "ನಮಗೋಸ್ಕರ ಯಾರೂ ದಂಡ ಕಟ್ಟಬೇಕಾಗಿಲ್ಲ" ಅಂತ ನಮ್ಮಾಕೆ ಎರಡು ದಿನ ಬೇಜಾರಿನಲ್ಲಿದ್ದಳು, ದಂಡ ಕಟ್ಟಿಬಿಟ್ಟಿದ್ದಾರೇನೋ ಎಂಬಂತೆ.

ಆಮೇಲೆ ಸಿಕ್ಕಿತು ನೋಡಿ, ಪೆಟ್ರೋಲ್ ಆಕ್ಟೇವಿಯಾ ಎಸ್ಟೇಟ್. ಚರಿತ್ರೆಯಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ. ನಾನು ಸೈ ಅಂದೆ, ಮೆಕ್ಯಾನಿಕ್ ಸೈ ಅಂದ. ಆಗ ಬಾಯಿ ಹಾಕಿದ್ದು ವಿಜಯನಗರದ ನಾದಿನಿ, ಅಂಕಿಶಾಸ್ತ್ರದಲ್ಲಿ ಎತ್ತಿದ ಕೈ. ಬಸವೇಶ್ವರನಗರದ ನಮ್ಮ ಷಡ್ಡಕ ಈಕೆಯ ಮಾತು ಕೇಳಿ, ಕೂಡಿದರೆ ಒಂಬತ್ತು ಬರುವ ಕೆಎ 02 ನಂಬರಿಗೆ ದುಡ್ಡು ಸುರಿದವರು. ಇಂಗ್ಲೆಂಡಿನ ನಂಬರ್ ಪ್ಲೇಟಿನಲ್ಲಿ ಕೂಡುವುದಕ್ಕೆ ಇರುವುದೇ ಎರಡು ಅಂಕಿ, ಉಳಿದದ್ದೆಲ್ಲ ಅಕ್ಷರ. ಈ ಕಾರಿನದು 17. ಒಂದೂ ಏಳೂ ಎಂಟು. ಎಂಟು ಅಂದರೆ ಶನಿ.

"ಆಂಟಿ, ಅದು ಕಾರಿನ ವಯಸ್ಸು" ಅಂದ ಅಳಿಯ. "2017ರ ಮಾರ್ಚಿಂದ ಆಗಸ್ಟ್‌ವರೆಗೆ ರಿಜಿಸ್ಟರ್ ಆದ ಎಲ್ಲ ಕಾರಿಗೂ 17 ಅಂತಲೇ ಇರತ್ತೆ."

"ಹಾಗಾದ್ರೆ ಆರು ತಿಂಗಳು ಇಡೀ ದೇಶಕ್ಕೇ ಶನಿ ಹಿಡಿದಿತ್ತು ಅನ್ನಿ" ಅಂದಳು ನಾದಿನಿ, ಒಂದು ಇಂಚೂ ಅಲುಗಾಡದೆ. ಆ ಆರು ತಿಂಗಳು ಬಿಟ್ಟು ಮುಂದೆ ಹೋದರೆ 67, ಕೂಡಿದರೆ ನಾಲ್ಕು, ರಾಹು. ಹಿಂದಕ್ಕೆ ಬಂದರೆ 66, ಹನ್ನೆರಡು, ಅಂದರೆ ಮೂರು. ಗುರು! 2016ರ ಸೆಪ್ಟೆಂಬರಿನಿಂದ ಆರು ತಿಂಗಳು ಬ್ರಿಟನ್ನಿಗೆ ಗುರುಬಲ ಇತ್ತೆಂದು ಆ ದೇಶದ ಸರ್ಕಾರಕ್ಕೇ ಗೊತ್ತಿಲ್ಲ. ಮಗಳು ತಲೆ ಚಚ್ಚಿಕೊಂಡು ಗುರುವಿನ ಕಾರು ಹುಡುಕಿದಳು. ಸಿಕ್ಕಿತು ಕೂಡ: ಅದೇ ಆಕ್ಟೇವಿಯಾ, ಅದೇ ಪೆಟ್ರೋಲ್, ಬೆಲೆಯೂ ಒಂದಷ್ಟು ಕಡಿಮೆ. ನಾದಿನಿಯ ಮುಂದೆ ಈಗ ನಾವ್ಯಾರೂ ತಲೆಯೆತ್ತುವ ಹಾಗಿಲ್ಲ.

ಗಾಡಿ ತರುವ ದಿನ ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ. ಬೇಸಿಗೆಯಲ್ಲಿ ಅವರಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಂದರೆ ಇಲ್ಲಿ ಸಂಜೆ ನಾಲ್ಕೂವರೆ. ಭಾನುವಾರ ನಾಲ್ಕೂವರೆಯಿಂದ ಆರು ಏನು ಅಂತ ಯಾವ ಕ್ಯಾಲೆಂಡರ್ ನೋಡಿದರೂ ಗೊತ್ತಾಗುತ್ತದೆ. ನಮ್ಮಾಕೆ ಫೋನ್ ಎತ್ತಿಕೊಂಡಳು. ಅಷ್ಟರಲ್ಲಿ ಮೇಷ್ಟ್ರು ತಡೆದರು: ರಾಹುಕಾಲ ಎಂಬುದು ಹಗಲಿನ ಎಂಟನೇ ಒಂದು ಪಾಲು, ಆಯಾ ಊರಿನ ಸೂರ್ಯೋದಯ ಹಿಡಿದು ಲೆಕ್ಕ ಹಾಕಬೇಕು. ರೆಡಿಂಗ್‌ನಲ್ಲಿ ಜೂನಿನಲ್ಲಿ ಐದಕ್ಕೆ ಮುಂಚೆ ಬೆಳಗಾಗುತ್ತದೆ, ಒಂಬತ್ತು ದಾಟಿದ ಮೇಲೆ ಕತ್ತಲೆ. ಭಾನುವಾರ ಕೊನೆಯ ಪಾಲು ರಾಹುವಿನದು, ಅಂದರೆ ರಾತ್ರಿ ಏಳೂ ಚಿಲ್ಲರೆಯಿಂದ ಒಂಬತ್ತೂ ಚಿಲ್ಲರೆ. "ಅಲ್ಲಿ ಬೇಸಿಗೇಲಿ ರಾಹುಗೆ ಎರಡು ಗಂಟೆ ಡ್ಯೂಟಿ ಕಣಮ್ಮ. ಡಿಸೆಂಬರಲ್ಲಿ ಒಂದೇ ಗಂಟೆ." ಮುಂದಿನ ಕಾರು ಡಿಸೆಂಬರಿನಲ್ಲೇ ತಗೊಳ್ಳಬೇಕು ಅಂತ ನಮ್ಮಾಕೆ ಆಗಲೇ ತೀರ್ಮಾನ ಮಾಡಿದಳು.

ಪೂಜೆ ಎರಡು ಕಡೆ ನಡೆಯಿತು. ಇಲ್ಲಿ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಕಾರಿನ ಬಣ್ಣದ ಪ್ರಿಂಟೌಟ್ ಹೋಯಿತು. ಹೊರಗೆ ಸಾಲಾಗಿ ನಿಂತ ಹೊಸ ಬೈಕು, ಕಾರುಗಳ ನಡುವೆ ನಮ್ಮಾಕೆ ಎರಡು ಕೈಯಲ್ಲೂ ಕಾಗದ ಹಿಡಿದು ನಿಂತಿದ್ದಳು. "ಗಾಡಿ ಎಲ್ಲಿ ತಾಯಿ?" ಅಂದರು ಅರ್ಚಕರು. ಇಂಗ್ಲೆಂಡಿನಲ್ಲಿ ಅಂದಾಗ ಅವರು ಹುಬ್ಬೂ ಏರಿಸಲಿಲ್ಲ; ಕಾಗದದ ಬಾನೆಟ್ಟಿಗೆ ಕುಂಕುಮ ಇಟ್ಟು, ಮೇಲೊಂದು ಹೂವಿನ ಎಸಳು ಉದುರಿಸಿ ಮುಂದಿನ ಗಾಡಿಗೆ ಹೋದರು. ಅಲ್ಲಿ ಅಳಿಯ ವಿಡಿಯೋ ಕಾಲಿನಲ್ಲಿ, "ಅತ್ತೆ, ಇಲ್ಲಿ ಸಿಗೋದು ಹಳದಿ ನಿಂಬೆಹಣ್ಣು, ಗಾತ್ರ ದೊಡ್ಡದು, ನಡೆಯತ್ತಾ?" ಅಂದ. ನಡೆಯುತ್ತದೆ ಅಂದೆವು. ಚಕ್ರ ಹತ್ತಿದ ನಿಂಬೆಹಣ್ಣು ಪಕ್ಕದ ಮನೆಯ ಗೇಟಿನ ತನಕ ಚಿಮ್ಮಿತು. ಆ ಮನೆಯ ಅಜ್ಜ ಹೊರಗೆ ಬಂದು, ಉಳಿದ ಮೂರು ಹಣ್ಣನ್ನೂ ನೋಡಿ, ಹವಾಮಾನದ ಬಗ್ಗೆ ಎರಡು ಮಾತಾಡಿ ಒಳಗೆ ಹೋದರಂತೆ.

ಎಲ್ಲ ಮುಗಿದ ಮೇಲೆ ಮಗಳು ಹಿಂದಿನ ಬಾಗಿಲು ಎತ್ತಿ ತೋರಿಸಿದಳು. 610 ಲೀಟರ್ ಡಿಕ್ಕಿ. ಹಿಂದಿನ ಸೀಟು ಮಡಚಿದರೆ 1,740. ತಳ್ಳುಗಾಡಿ ಒಂದು ಮೂಲೆಯಲ್ಲಿ ಕಳೆದುಹೋಗಿತ್ತು. "ನಿಮ್ಮ ನಾಲ್ಕು ಸೂಟ್‌ಕೇಸೂ ಆರಾಮಾಗಿ ಹಿಡಿಯತ್ತೆ ಅಮ್ಮ!" ವೀಸಾ ಆರು ತಿಂಗಳಿಗೆ ಸಿಕ್ಕಿತ್ತು, ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕೆಜಿ. ಹಾಲು, ತುಪ್ಪದ ಪದಾರ್ಥ ಆ ದೇಶದವರು ಒಳಗೆ ಬಿಡುವುದಿಲ್ಲವಾದ್ದರಿಂದ ಚಟ್ನಿಪುಡಿ, ಹುಳಿಪುಡಿ, ಮಾವಿನ ಉಪ್ಪಿನಕಾಯಿಗೇ ಎಲ್ಲ ಜಾಗ. ನಮ್ಮಾಕೆಯ ಮುಖ ಅರಳಿತು. ಆಮೇಲೆ ಕೇಳಿದಳು: "ಸಾಮಾನಿಗೆ ಆಯ್ತು. ನಾನೆಲ್ಲಿ ಕೂರಲಿ?"

ಅಲ್ಲಿಯ ತನಕ ಇದು ಒಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನ ಸೀಟಿನ ಎರಡೂ ಬದಿಗೆ ಚೈಲ್ಡ್ ಸೀಟಿನ ಕೊಕ್ಕೆ, ಅವುಗಳಲ್ಲಿ ಪುಟ್ಟ ಮತ್ತು ಗಗನಯಾತ್ರಿ. ಅಳಿಯ ನಡುವಿನ ಜಾಗಕ್ಕೆ ಕೈ ಚಾಚಿ ಅಳೆದ. ಒಂದು ಗೇಣು, ಮೇಲೆ ಎರಡು ಬೆರಳು. "ಯಾರ ಗೇಣು, ಅವನದಾ ನನ್ನದಾ?" ಅಂದಳು ಇವಳು. ಯಾರದಾದರೂ ಪ್ರಯೋಜನವಿರಲಿಲ್ಲ. ಏಳು ಸೀಟಿನ ಗಾಡಿ ತಗೊಳ್ಳಬಹುದಿತ್ತು, ಆದರೆ ಅದರ ಕೊನೆಯ ಸಾಲು ಎತ್ತಿದರೆ ಸೂಟ್‌ಕೇಸಿಗೆ ಜಾಗವಿಲ್ಲ. ಹಳೆಯ ವೋಲ್ವೋ ಎಸ್ಟೇಟುಗಳಲ್ಲಿ ಡಿಕ್ಕಿಯೊಳಗೇ ಹಿಂದಕ್ಕೆ ಮುಖ ಮಾಡಿದ ಎರಡು ಸೀಟು ಸಿಗುತ್ತಿತ್ತು, ಅದೂ ಮಕ್ಕಳಿಗೆ. ಮಗಳೊಬ್ಬಳೇ ಕಾರು ತಂದರೆ ಮುಂದೆ ಒಂದು ಸೀಟು ಖಾಲಿ ಎಂಬ ಮಾತು ಬಂದ ತಕ್ಷಣ ನನ್ನ ಮಂಡಿನೋವಿನ ವಿಷಯ ಪ್ರಸ್ತಾಪಿಸಿದೆ. ನಮ್ಮಾಕೆ ನನ್ನ ಕಡೆ ನೋಡಿದ ನೋಟಕ್ಕೆ ಮಂಡಿ ಅಲ್ಲೇ ವಾಸಿಯಾಯಿತು.

ಹೀತ್ರೂವಿನಿಂದ ರೆಡಿಂಗ್‌ಗೆ ರೈಲ್‌ಏರ್ ಅಂತ ಬಸ್ಸಿದೆ. ಕೊನೆಗೆ ಅದೇ ಗಟ್ಟಿಯಾಯಿತು: ಪೆಟ್ಟಿಗೆಗಳು ಆಕ್ಟೇವಿಯಾದಲ್ಲಿ, ನಾವಿಬ್ಬರೂ ಬಸ್ಸಿನಲ್ಲಿ. ಫೋನ್ ಇಡುವ ಮುಂಚೆ ನಮ್ಮಾಕೆ ಮಗಳಿಗೆ ಹೇಳಿದಳು, "ಸರಿ, ಉಪ್ಪಿನಕಾಯಿ ಡಬ್ಬ ಮಾತ್ರ ಡಿಕ್ಕೀಲಿ ಬೇಡ, ಸೋರತ್ತೆ. ಆ ಮಧ್ಯದ ಗೇಣಲ್ಲಿ ನಿಲ್ಲಿಸಿ ಬೆಲ್ಟ್ ಹಾಕು."

"ಅಮ್ಮ, ಡಬ್ಬ 135 ಸೆಂಟಿಮೀಟರ್ ಇದೆಯಾ?"