ನಿಲ್ಲಲೊಲ್ಲದ ಕುದುರೆ

ಥರೋಬ್ರೆಡ್ ಎಂದರೆ ಒಳ್ಳೆಯ ಜಾತಿಯ ಯಾವುದೇ ಕುದುರೆಯಲ್ಲ. ಹದಿನೇಳನೆಯ ಶತಮಾನದ ಕೊನೆಗೂ ಹದಿನೆಂಟನೆಯ ಶತಮಾನದ ಮೊದಲಿಗೂ ಇಂಗ್ಲೆಂಡನ್ನು ಸೇರಿದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳಲ್ಲಿ ಒಂದನ್ನು ತನ್ನ ಮೂಲಪುರುಷನೆಂದು ತೋರಿಸಬಲ್ಲ, ಓಟದ ಪಂದ್ಯಕ್ಕೆಂದೇ ಬೆಳೆಸಿದ ಒಂದು ತಳಿ ಅದು. ಈ ವಂಶಾವಳಿಯನ್ನು ವೆದರ್ಬಿ ಮನೆತನದವರು 1791ರಿಂದ ಪುಸ್ತಕರೂಪದಲ್ಲಿ ದಾಖಲಿಸುತ್ತ ಬಂದಿದ್ದಾರೆ. ಎತ್ತಿನ ಮೇಲೆ ಊರೂರು ತಿರುಗಿ ಒಂದೊಂದು ಮನೆತನದ ಹತ್ತಾರು ತಲೆಮಾರುಗಳನ್ನು ಒಪ್ಪಿಸುವ ಹೆಳವರು ಗಡಿನಾಡಿನ ಮನುಷ್ಯರಿಗೆ ಮಾಡುವ ಸೇವೆಯನ್ನೇ ವೆದರ್ಬಿಯವರು ಇಂಗ್ಲಿಷ್ ಕುದುರೆಗಳಿಗೆ ಮಾಡಿದರೆನ್ನಬಹುದು. ಹೆಳವರ ಹೊತ್ತಗೆಯಲ್ಲಿ ಹೆಸರು ತಪ್ಪಿದ ಮನುಷ್ಯ ಮನುಷ್ಯನಾಗಿಯೇ ಉಳಿಯುತ್ತಾನೆ, ವೆದರ್ಬಿಯವರ ಪರಂಪರೆಯ ಪುಸ್ತಕದಲ್ಲಿ ಹೆಸರಿಲ್ಲದ ಕುದುರೆ ಮಾತ್ರ ಗಾಳಿಯನ್ನೇ ಹಿಂದೆ ಹಾಕಿದರೂ ಥರೋಬ್ರೆಡ್ ಆಗಲಾರದು.

ಸೊಲ್ಲಾಪುರದಲ್ಲಿ ರೇಸ್ ಕೋರ್ಸ್ ಇಲ್ಲ. ಅದನ್ನು ನೋಡಬೇಕೆಂದರೆ ಸುಮಾರು 250 ಕಿಲೋಮೀಟರ್ ದೂರದ ಪುಣೆಗೆ ಹೋಗಬೇಕು. ಹಾಗಿದ್ದರೂ ಈ ಸೀಮೆಯ ಸವಾರಿಪ್ರಿಯರ ಮನಸ್ಸಿನಲ್ಲಿ ಥರೋಬ್ರೆಡ್ ಆಗಾಗ ಸುಳಿಯುವುದಕ್ಕೆ ರೇಸಿನ ಲೆಕ್ಕಾಚಾರವೇ ಕಾರಣ. ಎರಡು ವರ್ಷ ತುಂಬುವಷ್ಟರಲ್ಲಿ ಓಟಕ್ಕಿಳಿಯುವ ಈ ಪ್ರಾಣಿ ಹರೆಯದಲ್ಲೇ ನಿವೃತ್ತಿಯಾಗುತ್ತದೆ, ಆಯುಷ್ಯವೋ ಇಪ್ಪತ್ತೈದು ವರ್ಷದ ಆಸುಪಾಸಿನದು, ಆದ್ದರಿಂದ ಬಾಳಿನ ಬಹುಭಾಗವನ್ನು ಅದು ಪಿಂಚಣಿಯಿಲ್ಲದೆ, ಮತ್ತೊಬ್ಬರ ಹಿತ್ತಿಲಿನಲ್ಲಿ, ಮತ್ತೊಬ್ಬರ ಹುರುಳಿ ತಿಂದು ಕಳೆಯಬೇಕಾಗುತ್ತದೆ. ಅಂಥದೊಂದು ಅಗ್ಗಕ್ಕೆ ಸಿಕ್ಕೀತೆಂಬ ಆಸೆಗೆ ಅದರ ಎತ್ತರದ ನಿಲುವೂ ಮಿರುಗುವ ಮೈಯೂ ಜೊತೆಗೂಡಿದಾಗ, ಕುದುರೆಗೆ ಪೆಟ್ರೋಲು ಬೇಡ ಎಂಬ ವಾದವನ್ನು ಹೆಂಡತಿಯ ಮುಂದೆ ಮಂಡಿಸುವ ಧೈರ್ಯ ಎಂಥ ಗೃಹಸ್ಥನಿಗೂ ಬಂದುಬಿಡುತ್ತದೆ.

ಬಂಡಿ ಎಳೆಯುವ ಯುರೋಪಿನ ಭಾರೀ ತಳಿಗಳನ್ನು ಅಶ್ವತಜ್ಞರು ತಣ್ಣನೆಯ ರಕ್ತದವೆಂದೂ ಅರಬ್ಬಿ, ಥರೋಬ್ರೆಡ್ಡುಗಳನ್ನು ಬಿಸಿರಕ್ತದವೆಂದೂ ಕರೆಯುತ್ತಾರೆ. ಇದು ಮೈಯ ಉಷ್ಣತೆಯನ್ನು ಕುರಿತ ಮಾತಲ್ಲ, ಬೇಗ ಕೆರಳುವ, ಬೇಗ ಕಲಿಯುವ, ಬೇಗ ಬೆದರುವ ಗುಣವನ್ನು ಕುರಿತದ್ದು. ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಥರೋಬ್ರೆಡ್ಡಿನ ಹೃದಯ ಪೂರ್ಣ ಓಟದಲ್ಲಿ 220ನ್ನು ದಾಟುತ್ತದೆ. ಗುಲ್ಮ ಎಂಬ ಅಂಗವು ತಾನು ಕೂಡಿಟ್ಟುಕೊಂಡ ಕೆಂಪು ರಕ್ತಕಣಗಳನ್ನು ಆ ಹೊತ್ತಿಗೆ ನೆತ್ತರಿಗೆ ಹರಿಯಬಿಡುತ್ತದೆ. ವೇಗ ಗಂಟೆಗೆ 60 ಕಿಲೋಮೀಟರಿಗೂ ಮೇಲೇರುತ್ತದೆ. ಇಷ್ಟೆಲ್ಲ ಏರ್ಪಾಡು ಡರ್ಬಿಯಂಥ ಓಟದ ಪಂದ್ಯಗಳಿಗಾಗಿ ನಡೆದಿರುವುದಾದರೂ, ಅಕ್ಕಲಕೋಟೆಯ ರಸ್ತೆಬದಿಯ ಜಾಲಿಮುಳ್ಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವೊಂದು ಪಟಪಟನೆ ಬಡಿದುಕೊಂಡರೂ ಸಾಕು, ಅದು ಚೂರೂ ಕುಂದಿಲ್ಲದೆ ಜಾರಿಗೆ ಬರುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಮೂಗಿನ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಒಂದಿಷ್ಟು ಜಾಗವನ್ನು ಬಿಟ್ಟು ಸುತ್ತಲಿನ ಲೋಕವೆಲ್ಲ ಅದಕ್ಕೆ ಕಾಣುತ್ತದೆ. ಅಂದರೆ ಸವಾರನು ಇನ್ನೂ ಗಮನಿಸದ ಚೀಲವನ್ನು ಅದು ಆಗಲೇ ಗಮನಿಸಿ, ತನ್ನ ನಿರ್ಣಯಕ್ಕೂ ಬಂದಿರುತ್ತದೆ.

ಆಗ ಸವಾರನು ಹುಟ್ಟುಗುಣದಂತೆ ಲಗಾಮನ್ನು ಬಿಗಿದು ಎಳೆಯುತ್ತಾನೆ. ನಿಜವಾದ ತೊಡಕು ಶುರುವಾಗುವುದೇ ಇಲ್ಲಿ. ಓಡುವಾಗ ಲಗಾಮನ್ನು ಬಿಗಿಯಾಗಿ ಹಿಡಿದ ಜಾಕಿಯ ಕೈಗೆ ಬಾಯಿ ಒತ್ತಿಕೊಂಡು, ಆ ಕಡಿವಾಣದ ಆಧಾರದ ಮೇಲೆಯೇ ಮುನ್ನುಗ್ಗುವುದನ್ನು ರೇಸಿನ ಕುದುರೆ ಕಲಿತಿರುವುದರಿಂದ, ಎಳೆತವೆಂದರೆ ಇನ್ನಷ್ಟು ಓಡು ಎಂದೇ ಅದು ತಿಳಿಯುತ್ತದೆ. ಸವಾರ ಎಳೆದಷ್ಟೂ ಅದು ಓಡುತ್ತದೆ, ಅದು ಓಡಿದಷ್ಟೂ ಅವನು ಎಳೆಯುತ್ತಾನೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಗಾಣಗಾಪುರವನ್ನೂ ಪೂರೈಸುವ ಯಾತ್ರಿಕರ ಪದ್ಧತಿಯನ್ನು ಇಂಥ ಜೋಡಿಯು ಬಸ್ಸಿಗೆ ಕಾಯದೆಯೇ, ಅಕ್ಕಲಕೋಟೆಯಲ್ಲಿ ಇಳಿಯುವ ಅವಕಾಶವೂ ಇಲ್ಲದೆ, ಪಾಲಿಸಬಲ್ಲದು. ಏರುವ ವಿಧಾನದಲ್ಲೂ ಇಂಥದೇ ಭೇದವಿದೆ: ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಮೊಣಕಾಲಿಗೆ ಕೈಕೊಟ್ಟು ಮೇಲೆ ಹಾಕುವುದು ರೇಸಿನ ವಾಡಿಕೆಯಾದ್ದರಿಂದ, ಒಂದು ಕಾಲನ್ನು ರಿಕಾಪಿನಲ್ಲಿಟ್ಟು ಇನ್ನೊಂದರಲ್ಲಿ ಕುಪ್ಪಳಿಸುತ್ತಿರುವ ಐವತ್ತರ ಗೃಹಸ್ಥನಿಗಾಗಿ ನಿಂತು ಕಾಯಬೇಕೆಂಬುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಸೀಮೆಯ ಸವಾರರಾದರೂ ಯಾರು ಎಂದು ವಿಚಾರಿಸಿದರೆ, ಬಹುಸಂಖ್ಯಾತರು ಮದುಮಕ್ಕಳೇ ಎಂಬುದು ತಿಳಿಯುತ್ತದೆ. ಮದುಮಗನು ಬಾಳಿನಲ್ಲಿ ಒಮ್ಮೆ ಮಾತ್ರ ಕುದುರೆ ಏರುವವನು. ಮುಂದೆ ಅಣ್ಣನ ಮಗುವೊಂದನ್ನು ಕೂರಿಸಿಕೊಂಡು, ಬಾಸಿಂಗದ ಝಲ್ಲರಿಯಿಂದ ಕಣ್ಣು ಮುಚ್ಚಿಕೊಂಡು, ಡಿಜೆಯ ಪೆಟ್ಟಿಗೆಗಳ ಹಿಂದೆ ಒಂದು ಫರ್ಲಾಂಗನ್ನು ಒಂದು ತಾಸಿನಲ್ಲಿ ಕ್ರಮಿಸುವವನು. ಅವನ ಕುದುರೆಗೆ ಬೇಕಾದ ವಿದ್ಯೆ ಓಟವಲ್ಲ, ನಿಲ್ಲುವುದು. ಅದರಲ್ಲೂ ಗೆಳೆಯರ ಕುಣಿತ ಮುಗಿಯುವವರೆಗೆ ನಿಲ್ಲುವುದು. ಎರಡನೆಯ ವರ್ಗ ಧನಗರರದು. ಕುರಿಹಿಂಡಿನೊಡನೆ ಊರಿಂದೂರಿಗೆ ಸಾಗುವ ಅವರು ಏರುವುದಕ್ಕಿಂತ ಹೇರುವುದೇ ಹೆಚ್ಚು: ಭೀಮಾ ತೀರದ ಗಿಡ್ಡ ತಳಿಯಾದ ಭೀಮಥಡಿ ತಟ್ಟುವಿನ ಬೆನ್ನ ಮೇಲೆ ಕಂಬಳಿ, ಪಾತ್ರೆ, ಎಳೆ ಕುರಿಮರಿ, ಅವೆಲ್ಲದರ ಮೇಲೊಂದು ಕೋಳಿ ಕುಳಿತಿರುತ್ತದೆ, ಕೋಳಿಗೂ ತಟ್ಟುವಿಗೂ ಯಾವ ಅಸಮಾಧಾನವೂ ಇರುವುದಿಲ್ಲ. 1758ರಲ್ಲಿ ಮರಾಠಾ ಸೇನೆ ಸಿಂಧೂ ತೀರದ ಅಟಕ್‌ವರೆಗೆ ಹೋದದ್ದನ್ನು ನೆನೆಯುವಾಗ ಮಹಾರಾಷ್ಟ್ರದವರು ಈ ತಟ್ಟುಗಳನ್ನೂ ನೆನೆಯುತ್ತಾರೆ. ರಾಜಾ ಬಢೆ ಬರೆದ, 2023ರಲ್ಲಿ ರಾಜ್ಯಗೀತೆಯಾದ ಹಾಡಿನಲ್ಲೂ ಅವುಗಳಿಗೆ ಸ್ಥಾನ ಸಿಕ್ಕಿದೆ. ಥರೋಬ್ರೆಡ್ಡಿಗೆ ಯಾವ ರಾಜ್ಯಗೀತೆಯಲ್ಲಿ ಜಾಗವಿದೆಯೋ ವಿದ್ವಾಂಸರು ಹುಡುಕಬೇಕು.

ನಿಲ್ಲುವಿಕೆಯ ಪರಮಾವಧಿಯನ್ನು ಕಾಣಬೇಕಾದವರು ಆಷಾಢದಲ್ಲಿ ಮಾಳಶಿರಸ ತಾಲೂಕಿನ ಸದಾಶಿವನಗರದ ರಿಂಗಣಕ್ಕೆ ಹೋಗಬೇಕು. ಆಳಂದಿಯಿಂದ ಪಂಢರಪುರಕ್ಕೆ ಸಾಗುವ ಸಂತ ಜ್ಞಾನೇಶ್ವರರ ಪಾಲಕಿಯ ಜೊತೆಗಿರುವ ಎರಡು ಮಾನದ ಕುದುರೆಗಳು ಬರುವುದು ಕರ್ನಾಟಕದಿಂದ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಅಂಕಲಿಯ ಶಿತೋಳೆ ಮನೆತನದವು ಅವು, ಆಳಂದಿಗೆ ನಡೆದೇ ಹೋಗುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಜೀನು ಬರಿದಾಗಿರುತ್ತದೆ, ಏಕೆಂದರೆ ಅದರ ಸವಾರ ಸ್ವತಃ ಜ್ಞಾನೇಶ್ವರ ಮಾವುಲಿ. ರಿಂಗಣವೆಂದರೆ ವಾರಕರಿ ಯಾತ್ರಿಕರು ದುಂಡಗೆ ಸುತ್ತುಗಟ್ಟಿ ನಿಂತು ಬಿಟ್ಟ ದಾರಿಯಲ್ಲಿ ಈ ಕುದುರೆಗಳು ಓಡುವ ಆಚರಣೆ. ತಾಳ, ಮೃದಂಗ, ಜಯಘೋಷಗಳ ನಡುವೆ ಅವು ಓಡಿ ನಿಂತ ಕೂಡಲೇ ಜನ ಮುಗಿಬಿದ್ದು ಗೊರಸಿನಡಿಯ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ನಾಗಾಲೋಟದಿಂದ ಸಮಾಧಿಸ್ಥಿತಿಗೆ ಇಷ್ಟು ಬೇಗ ಬರಬಲ್ಲ, ಲಗಾಮು ಹಿಡಿಯುವ ಸವಾರನಿಲ್ಲದೆಯೂ ಬರಬಲ್ಲ ಪ್ರಾಣಿಯ ಮುಂದೆ ಡರ್ಬಿಯ ಬಹುಮಾನಗಳು ಸಣ್ಣವಾಗಿ ತೋರುತ್ತವೆ.

ಹೀಗೆಂದು ತಪ್ಪನ್ನೆಲ್ಲ ರಕ್ತದ ಮೇಲೆ ಹೊರಿಸುವುದು ನ್ಯಾಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ವಿನೋದವೆಂಬ, ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟವನ್ನು ವರ್ಣಿಸಿದ್ದಾನೆ, ಗಕ್ಕನೆ ನಿಲ್ಲುವುದು, ತಟ್ಟನೆ ತಿರುಗುವುದು ಅಂಥ ಆಟದ ಜೀವಾಳ. ಅದರ ಸಂಬಂಧಿಯಾದ ಇಂದಿನ ಪೋಲೋ ಆಟದ ಕುದುರೆಗಳಲ್ಲಿ ಹೆಚ್ಚಿನವು ಥರೋಬ್ರೆಡ್ ಅಥವಾ ಅದರ ಮಿಶ್ರತಳಿ. ಅಂದಮೇಲೆ ನಿಲ್ಲುವುದನ್ನು ಅವೂ ಕಲಿಯಬಲ್ಲವು. ಕೆಲವು ತಿಂಗಳು ಬಯಲಿಗೆ ಬಿಟ್ಟು, ಕಾಳು ಇಳಿಸಿ, ಹುಲ್ಲು ಹೆಚ್ಚಿಸಿ, ಮೊದಲು ನೆಲದ ಮೇಲೆ ನಿಂತೇ ಕಲಿಸಿ, ಆಮೇಲೆ ಬೆನ್ನೇರುವ ತಾಳ್ಮೆಯಿದ್ದವನಿಗೆ ಅದು ಒಳ್ಳೆಯ ಒಡನಾಡಿಯಾಗುತ್ತದೆ. ಆದರೆ ತಾಳ್ಮೆಯಿದ್ದವನು ಅಗ್ಗದ ಕುದುರೆ ಹುಡುಕುತ್ತ ಹೊರಡುವುದು ಅಪರೂಪ.

ನೆಲವೂ ಅಷ್ಟಾಗಿ ಸಹಕರಿಸುವುದಿಲ್ಲ. ಮಳೆಗಾಲದ ಎರೆಮಣ್ಣು ಲಾಳವನ್ನೇ ಕಿತ್ತುಕೊಳ್ಳುತ್ತದೆ, ಥರೋಬ್ರೆಡ್ಡಿನ ಗೊರಸಿನ ಗೋಡೆಯೋ ತೆಳು. ನಲವತ್ತು ಡಿಗ್ರಿ ದಾಟುವ ಬೇಸಿಗೆಗೆ ಅದರ ಚರ್ಮವೂ ತೆಳುವೇ. ಮಂಗಳವೇಢೆಯ ಜೋಳದ ಕೀರ್ತಿ ದೊಡ್ಡದಾದರೂ, ಜೋಳದ ಹಸಿಮೇವು ಎತ್ತಿಗೆ ಹಬ್ಬವಾದಂತೆ ಕುದುರೆಗೆ ಆಗುವುದಿಲ್ಲ. ಅದನ್ನೇ ಮೇಯ್ದರೆ ಮೂತ್ರಕೋಶದ ಬಾಧೆ, ಹಿಂಗಾಲಿನ ತೂರಾಟ ಬರುವುದುಂಟು.

ಇಷ್ಟಾದರೂ ಕೊಳ್ಳಲೇಬೇಕೆಂದು ಹೊರಟವರಿಗೆ ದೀಪಾವಳಿಯ ಸುಮಾರಿಗೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ನೆರೆಯುವ ಕುದುರೆ ಬಾಜಾರವಿದೆ. ಮಾರವಾಡಿ, ಕಾಠಿಯಾವಾಡಿ, ಬಿಳಿಯ ನುಕ್ರಾ ಮೊದಲಾದವುಗಳ ನಡುವೆ ಗಿರಾಕಿಗಳು ಶುಭಾಶುಭ ಸುಳಿಗಳನ್ನು ಎಣಿಸುತ್ತಾರೆ, ಹಲ್ಲು ನೋಡುತ್ತಾರೆ, ಓಡಿಸಿ ತೋರಿಸೆನ್ನುತ್ತಾರೆ. ನಿಲ್ಲಿಸಿ ತೋರಿಸೆಂದು ಕೇಳುವವರು ಕಡಿಮೆ. ಕೇಳುವುದಾದರೆ, ಲಗಾಮನ್ನು ಸಡಿಲ ಬಿಟ್ಟು ಚಹಾದಂಗಡಿಯ ಪಕ್ಕ ಕುದುರೆಯನ್ನು ನಿಲ್ಲಿಸಲು ಹೇಳಿ, ಮಾರುವವನಿಗೂ ಒಂದು ಚಹಾ ಹೇಳಬೇಕು, ಅದೂ ಪೂರ್ತಿ ಒಂದು ಕಪ್. ಅವನು ಬಸಿಯಲ್ಲಿ ಸುರಿದುಕೊಂಡು ನಿಧಾನವಾಗಿ ಕುಡಿದರೆ ವ್ಯಾಪಾರ ಮುಂದುವರಿಸಬಹುದು, ಚಹಾ ಬೇಡವೆಂದರೆ ದರ ಕೇಳುವ ಅಗತ್ಯವಿಲ್ಲ.